ಈಜು ಬರದಿದ್ದರೂ ಬನ್ನಿ

ನಮ್ಮ ಮನೆ ಗುಂಪಿನಲ್ಲಿ ಶುಕ್ರವಾರ ರಾತ್ರಿ ಶುರುವಾಗಿ ಶನಿವಾರ ಸಂಜೆವರೆಗೆ ನಡೆದ ಮಾತುಕತೆ ಇದು. ಹೆಸರಿನ ಜಾಗದಲ್ಲಿ ಅವರು ನನಗೆ ಏನಾಗಬೇಕೋ ಅದನ್ನೇ ಹಾಕಿದ್ದೇನೆ. ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ದೋಣಿ ಹತ್ತಲು ಹೊರಟವರು ಇನ್ನೂ ಇರಬಹುದು, ಅವರಿಗೂ ಉಪಯೋಗವಾಗಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಚಿಕ್ಕಮ್ಮ: (ಹಂಚಿದ ಚಿತ್ರ) ಇಡೀ ದಿನದ ದ್ವೀಪ ವಿಹಾರ! ಬೆಳಿಗ್ಗೆ 9ಕ್ಕೆ ಹೊರಟು ಸಂಜೆ 5ಕ್ಕೆ ವಾಪಸ್. 3 ದ್ವೀಪ, 2 ಕಡೆ ಈಜು, ಸ್ನಾರ್ಕ್ಲಿಂಗ್ (ಮಾಸ್ಕ್, ಉಸಿರು ಕೊಳವೆ ಹಾಕಿ ತೇಲುತ್ತಾ ನೀರೊಳಗೆ ನೋಡುವುದು), ದೋಣಿಯಲ್ಲೇ ಊಟ. ಈಜು ಬರದಿದ್ದರೂ ಬನ್ನಿ, ಪೂರ್ತಿ ಸುರಕ್ಷಿತ!

ಚಿಕ್ಕಮ್ಮ: ರಜೆಗೆ ಎಲ್ಲರೂ ಸೇರ್ತೀವಲ್ಲ, ಇದಕ್ಕೆ ಹೋಗೋಣ್ವಾ? ನಾಳೆ ಸಂಜೆಯೊಳಗೆ ಹೆಸರು ಕೊಡಬೇಕಂತೆ.

ತಮ್ಮ: ನಾನು ರೆಡಿ

ಅತ್ತೆ: ನಾವು ನಾಲ್ಕು ಜನ ಬರ್ತೀವಿ.

ಚಿಕ್ಕಪ್ಪ: ಹಾಗಾದ್ರೆ ಒಟ್ಟು 17 ಆಯ್ತು. ಬೆಳಿಗ್ಗೆ ನಾನೇ ಫೋನ್ ಮಾಡಿ ಹೆಸರು ಕೊಡ್ತೀನಿ.

ಅಕ್ಕ: ಚಿಕ್ಕಪ್ಪ, ಅರ್ಧ ದಿನದ್ದು ಇಲ್ವಾ ನೋಡಿ. ಪುಟ್ಟನಿಗೆ ಈಗ 4 ವರ್ಷ. 8 ಗಂಟೆ ಅವನನ್ನ ದೋಣಿ ಮೇಲೆ ಹಿಡ್ಕೊಂಡಿರೋದು ಹೇಗೆ?

ಚಿಕ್ಕಪ್ಪ: ಅರ್ಧ ದಿನದ್ದು ನಾನು ಹೋಗಿ ಬಂದಿದ್ದೀನಮ್ಮ. ಒಂದೊಂದು ಕಡೆ ಅರ್ಧ ಗಂಟೆ ನಿಲ್ಲಿಸ್ತಾರೆ. ಇಳೀರಿ ಇಳೀರಿ ಅಂತ ಅವಸರ, ಹತ್ತೀರಿ ಹತ್ತೀರಿ ಅಂತ ಅವಸರ. ನೀರು ಅಭ್ಯಾಸ ಆಗೋಷ್ಟರಲ್ಲಿ ಹೊರಟುಬಿಡ್ತಾರೆ. ಇಡೀ ದಿನ ಅಂದ್ರೆ ಆರಾಮ.

ಭಾವ: ನನಗೆ ಬಸ್ಸಲ್ಲೇ ವಾಂತಿ ಬರುತ್ತೆ. ನನ್ನ ಲೆಕ್ಕ ಹಿಡೀಬೇಡಿ.

ಅತ್ತೆ: ಅಯ್ಯೋ ಎಲ್ಲರೂ ಬರಬೇಕು, ಅದೇ ಚಂದ.

ಅಕ್ಕ: 'ಈಜು ಬರದಿದ್ದರೂ ಬನ್ನಿ, ಪೂರ್ತಿ ಸುರಕ್ಷಿತ.' ಈ ಸಾಲು ಓದಿದಾಗಿಂದ ನನಗೆ ಸಮಾಧಾನ ಇಲ್ಲ. ನಮ್ಮ 17 ಜನರಲ್ಲಿ ಈಜು ಬರೋರು ಎಷ್ಟು ಜನ? ಎಣಿಸಿ ನೋಡಿ, 5.

ಚಿಕ್ಕಪ್ಪ: ಲೈಫ್ ಜಾಕೆಟ್ ಕೊಡ್ತಾರೆ. ಅದಕ್ಕೇ ತಾನೆ ಹಾಗೆ ಬರೆದಿರೋದು.

ದೊಡ್ಡಪ್ಪ: ದಿನಾ ಸಾವಿರಾರು ಜನ ಹೋಗಿ ಬರ್ತಾರೆ. ಎಲ್ಲದಕ್ಕೂ ಹೆದರ್ತಾ ಕೂತ್ರೆ ಮನೆಯಲ್ಲೇ ಇರಬೇಕಾಗುತ್ತೆ.

ಅಕ್ಕ: ಹೆದರಿಕೆ ಅಲ್ಲ ದೊಡ್ಡಪ್ಪ. ಕೇಳಬಾರದಾ?

ಚಿಕ್ಕಪ್ಪ: ಕೇಳು. ಆದ್ರೆ ಪ್ರತಿ ಸಲ ಒಬ್ಬರು ಅಡ್ಡ ಮಾತಾಡಿದ್ರೆ ಯಾವ ಪ್ರವಾಸವೂ ಆಗಲ್ಲ. ಹೋದ ವರ್ಷವೂ ಹೀಗೇ ಆಯ್ತು.

(ಅಕ್ಕ ಒಂದು ಸಂದೇಶ ಅಳಿಸಿದ್ದಾಳೆ)

ನಾನು: ಚಿಕ್ಕಪ್ಪ, ಅಕ್ಕ ಕೇಳ್ತಿರೋದು ಸರಿಯಾಗಿದೆ. ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ನಾನು: ಮೂರು ವರ್ಷದ ಹಿಂದೆ ಆಫೀಸಿನವರ ಜೊತೆ ನಾನು ಇಂಥದೇ ಒಂದು ವಿಹಾರಕ್ಕೆ ಹೋಗಿದ್ದೆ. ಎರಡನೇ ದ್ವೀಪದ ಹತ್ತಿರ ಲಂಗರು ಹಾಕಿದ್ರು. ಈಜು ಬರದವರೂ ಜಾಕೆಟ್ ಹಾಕ್ಕೊಂಡು ಏಣಿ ಇಳಿದ್ರು. ಅದೇ ಹೊತ್ತಿಗೆ ಮೇಲೆ ಊಟ ಶುರುವಾಯ್ತು. ನಾನು ತಟ್ಟೆ ಹಿಡ್ಕೊಂಡು ಕಂಬಿ ಪಕ್ಕ ನಿಂತಿದ್ದೆ. ನನ್ನ ಗೆಳತಿ ನೀರಲ್ಲಿ ದೋಣಿಯಿಂದ ಹತ್ತು ಮಾರು ದೂರ ಇದ್ಲು. ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದಿದ್ಲು. ನಗ್ತಿದ್ದಾಳೆ ಅಂದ್ಕೊಂಡೆ. ನಾನೂ ನಕ್ಕು ಕೈ ಬೀಸಿದೆ. ಅವಳು ಕೈ ಬೀಸಲಿಲ್ಲ. ಜಾಕೆಟ್ ಅವಳಿಗೆ ದೊಡ್ಡದಾಗಿತ್ತು, ಬೆಲ್ಟ್ ಸಡಿಲ ಇತ್ತು. ಅದು ಕಿವಿ ತನಕ ಮೇಲೆ ಬಂದು ಅವಳು ಅದರೊಳಗೆ ಜಾರಿ ಹೋಗಿದ್ಲು. ಪಕ್ಕದಲ್ಲಿದ್ದ ಬೇರೆ ಪ್ರವಾಸಿಯೊಬ್ಬರು ನನ್ನ ತಟ್ಟೆ ತಳ್ಳಿ ನೀರಿಗೆ ಹಾರಿದ್ರು. ದೋಣಿಯವರಲ್ಲಿ ಒಬ್ಬರೂ ಆ ಕಡೆ ನೋಡ್ತಿರಲಿಲ್ಲ, ಎಲ್ಲರೂ ಬಡಿಸ್ತಿದ್ರು. ಅವಳು ಉಳಿದ್ಲು.

ನಾನು: ಒಂದು ಸದ್ದೂ ಇರಲಿಲ್ಲ ಚಿಕ್ಕಪ್ಪ. ಮುಳುಗೋರು ಕೂಗ್ತಾರೆ, ಕೈ ಎತ್ತಿ ಬೀಸ್ತಾರೆ ಅಂತ ನಾವೆಲ್ಲ ನಂಬಿದ್ದೀವಿ. ಬಾಯಿ ನೀರಿಂದ ಮೇಲೆ ಬರೋದೇ ಅರೆಗಳಿಗೆ. ಅಷ್ಟರಲ್ಲಿ ಉಸಿರು ಎಳೆಯೋಕೇ ಆಗಲ್ಲ, ಕೂಗೋದೆಲ್ಲಿ? ಕೈ ತಾನಾಗೇ ಪಕ್ಕಕ್ಕೆ ಚಾಚಿ ನೀರನ್ನ ಒತ್ತುತ್ತೆ, ಮೇಲೆ ಬೀಸೋಕೆ ಬರಲ್ಲ. ದೂರದಿಂದ ನೋಡಿದ್ರೆ ಆಟ ಆಡ್ತಿದ್ದಾರೆ ಅನ್ಸುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2021ರಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತಿದ್ದಾರೆ. ಅದರಲ್ಲಿ ಸುಮಾರು ಕಾಲು ಭಾಗ 5 ವರ್ಷದೊಳಗಿನ ಮಕ್ಕಳು.

ಅತ್ತೆ: ದೇವರೇ

ಚಿಕ್ಕಪ್ಪ: ಇದನ್ನ ನೀನು ಯಾವತ್ತೂ ಹೇಳಲೇ ಇಲ್ವಲ್ಲ ಪುಟ್ಟಿ.

ನಾನು: ಹೇಳೋಕೆ ಆಗಿರಲಿಲ್ಲ. ನಾನು ಅವಳಿಗೆ ಕೈ ಬೀಸಿದ್ದೆ.

ತಮ್ಮ: ಹಾಗಾದ್ರೆ ಹೋಗೋದೇ ಬೇಡ್ವಾ? ಈಗ ಎಲ್ಲರಿಗೂ ಭಯ ಹುಟ್ಟಿಸಿದೆ ನೀನು.

ನಾನು: ಬೇಡ ಅಂತ ನಾನೆಲ್ಲಿ ಹೇಳ್ದೆ? ಹೋಗಲೇಬೇಕು. ಅವತ್ತು ಬೆಳಿಗ್ಗೆ ಮೊದಲನೇ ದ್ವೀಪದ ಹತ್ತಿರ ಮಾಸ್ಕ್ ಹಾಕಿ ನೀರಿಗೆ ಮುಖ ಇಟ್ಟಾಗ ನನ್ನ ಉಸಿರಿನ ಸದ್ದು ಒಂದೇ ಕೇಳಿಸ್ತಿತ್ತು. ಕೆಳಗೆ ಮೀನಿನ ಹಿಂಡು ಒಂದೇ ಸಲಕ್ಕೆ ತಿರುಗ್ತಿತ್ತು, ಬಿಸಿಲಿನ ಗೆರೆಗಳು ಮರಳಿನ ಮೇಲೆ ಓಡಾಡ್ತಿದ್ವು. ಅಜ್ಜಿಗೆ ಅದನ್ನ ದೋಣಿ ಅಂಚಿಂದಾದ್ರೂ ತೋರಿಸಬೇಕು ಅಂತ ಆವತ್ತೇ ಅನ್ಕೊಂಡಿದ್ದೆ. ಆದ್ರೆ 'ಪೂರ್ತಿ ಸುರಕ್ಷಿತ' ಅಂತ ಚಿತ್ರದ ಮೇಲೆ ಬರೆದರೆ ಸಾಲದು. ಕೇಳಿ ತಿಳ್ಕೊಂಡು ದುಡ್ಡು ಕೊಡೋಣ ಅಂತಿದ್ದೀನಿ, ಅಷ್ಟೇ.

ದೊಡ್ಡಪ್ಪ: ಏನು ಕೇಳಬೇಕು ಅದನ್ನ ಹೇಳು.

ನಾನು: ಮೊದಲು ಮಕ್ಕಳ ಅಳತೆಯ ಜಾಕೆಟ್. ಪುಟ್ಟನಿಗೆ ಹಾಕಿ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೀಬೇಕು. ಗಲ್ಲ ಕಿವಿ ಮುಚ್ಚೋ ತನಕ ಬಂದ್ರೆ ಅದು ಅವನ ಅಳತೆಯದಲ್ಲ. ಸಣ್ಣ ಮಕ್ಕಳದಕ್ಕೆ ಕಾಲ ನಡುವೆ ಹಾಯೋ ಪಟ್ಟಿ ಇರಬೇಕು. ಸ್ನಾರ್ಕ್ಲಿಂಗ್‌ಗೆ ಕೊಡೋ ತೆಳು, ಗಾಳಿ ಊದೋ ವೆಸ್ಟ್ ಬೇರೆ. ಅದು ಈಜು ಬರೋರಿಗೆ ಆಸರೆ, ಮಗುವಿನ ಮುಖವನ್ನ ನೀರಿಂದ ಮೇಲೆ ಹಿಡಿಯುತ್ತೆ ಅಂತ ನಂಬೋಕಾಗಲ್ಲ. ಎರಡನೇದು, ನಾವು ನೀರಲ್ಲಿದ್ದಾಗ ನೀರನ್ನೇ ನೋಡ್ತಾ ನಿಲ್ಲೋ ಒಬ್ಬ ಮನುಷ್ಯ ಇರ್ತಾನಾ? ಊಟದ ಹೊತ್ತಲ್ಲೂ ಇರ್ತಾನಾ? ಜನ ಇಳಿಯೋವಾಗ ಹತ್ತೋವಾಗ ಎಂಜಿನ್ ಪೂರ್ತಿ ಬಂದ್ ಮಾಡ್ತಾರಾ? ನ್ಯೂಟ್ರಲ್‌ನಲ್ಲಿಟ್ರೆ ಸಾಲದು, ಏಣಿ ಸಾಮಾನ್ಯವಾಗಿ ಹಿಂಭಾಗದಲ್ಲಿರುತ್ತೆ, ನೀರೊಳಗೆ ತಿರುಗೋ ಪ್ರೊಪೆಲ್ಲರ್ ಕೂಡ ಅಲ್ಲೇ. ಆಮೇಲೆ, ಹೊರಡೋ ಮುಂಚೆ ತಲೆ ಎಣಿಸೋದು ಯಾರು, ಹೇಗೆ?

ತಮ್ಮ: ತಲೆ ಎಣಿಸೋದು ಎಲ್ಲರೂ ಮಾಡ್ತಾರೆ ಬಿಡು.

ನಾನು: 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒಂದು ಡೈವಿಂಗ್ ದೋಣಿ ಇಬ್ಬರನ್ನ ನೀರಲ್ಲೇ ಬಿಟ್ಟು ಹೊರಟುಹೋಯ್ತು. ಅಮೆರಿಕದ ಗಂಡ ಹೆಂಡತಿ. ಎಣಿಸಿದ್ರು, ಲೆಕ್ಕ ತಪ್ಪಿತ್ತು. ಅವರ ಬ್ಯಾಗು ದೋಣಿಯಲ್ಲೇ ಬಿದ್ದಿದೆ ಅಂತ ಗೊತ್ತಾಗೋ ಹೊತ್ತಿಗೆ ಎರಡು ದಿನ ಕಳೆದಿತ್ತು. ಅವರು ಸಿಗಲೇ ಇಲ್ಲ. ಅದಾದ ಮೇಲೆ ಆ ರಾಜ್ಯದಲ್ಲಿ ಎಣಿಕೆಯ ನಿಯಮ ಬಿಗಿ ಮಾಡಿದ್ರು. ಜನ ಓಡಾಡ್ತಿರೋವಾಗ ಎಣಿಸಿದ್ರೆ ಒಬ್ಬನನ್ನೇ ಎರಡು ಸಲ ಎಣಿಸಿಬಿಡ್ತಾರೆ, ಯಾರೋ ಮತ್ತೆ ನೀರಿಗೆ ಹಾರಿರ್ತಾರೆ. ಎಲ್ಲರನ್ನೂ ಕೂರಿಸಿ ಹೆಸರು ಕರೆದು ಗುರುತು ಹಾಕಬೇಕು.

ತಮ್ಮ: ಸರಿ. ಅದು ನನಗೆ ಗೊತ್ತಿರಲಿಲ್ಲ.

ಚಿಕ್ಕಮ್ಮ: ಅಜ್ಜಿ ಪಕ್ಕದಲ್ಲೇ ಕೂತಿದ್ದಾರೆ, ಎಲ್ಲ ಓದಿ ಹೇಳ್ತಿದ್ದೀನಿ. ಅವರದ್ದು ಎರಡೇ ಪ್ರಶ್ನೆ. ನೆರಳು ಇದ್ಯಾ, ಬಚ್ಚಲು ಇದ್ಯಾ.

ಚಿಕ್ಕಪ್ಪ: ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ಬೆಳಿಗ್ಗೆ ಅದನ್ನೂ ಕೇಳ್ತೀನಿ.

ಅಕ್ಕ: ಹತ್ತೋ ಮೆಟ್ಟಿಲೂ ಕೇಳಿ. ದಕ್ಕೆಯಿಂದ ನೇರ ಹತ್ತೋದಾ, ಇಲ್ಲ ಸಣ್ಣ ದೋಣಿಯಲ್ಲಿ ಹೋಗಿ ನಡುನೀರಲ್ಲಿ ಹತ್ತೋದಾ ಅಂತ. ಅಜ್ಜಿ ಮಂಡಿಗೆ ಎರಡನೇದು ಆಗಲ್ಲ.

(ಶನಿವಾರ ಬೆಳಿಗ್ಗೆ)

ಭಾವ: ನಾನು ಬರಬೇಕು ಅಂದ್ರೆ ಏನು ಮಾಡಬೇಕು ಹೇಳಿ. ರಾತ್ರಿಯೆಲ್ಲ ಯೋಚನೆ ಮಾಡ್ದೆ. ಮಗ ನೀರಿಗಿಳಿಯೋವಾಗ ನಾನು ಮನೇಲಿ ಕೂತಿರೋಕೆ ಆಗಲ್ಲ.

ನಾನು: ಭಾವ, ವಾಂತಿ ಮಾತ್ರೆಯನ್ನ ದೋಣಿ ಹತ್ತೋ ಮುಂಚೆ ತಗೋಬೇಕು, ಮುಕ್ಕಾಲು ಗಂಟೆ ಒಂದು ಗಂಟೆ ಮೊದಲೇ. ತಲೆ ಸುತ್ತೋಕೆ ಶುರುವಾದ ಮೇಲೆ ನುಂಗಿದ್ರೆ ಅದು ಹೊಟ್ಟೆಯಲ್ಲಿ ನಿಲ್ಲಲ್ಲ. ನಿಮ್ಮ ಬಿಪಿ ಮಾತ್ರೆ ಜೊತೆ ಆಗುತ್ತಾ ಅಂತ ಡಾಕ್ಟರನ್ನ ಕೇಳಿ. ನಿದ್ದೆ ಬರಿಸುತ್ತೆ, ಹಾಗಾಗಿ ಪುಟ್ಟನನ್ನ ನೋಡ್ಕೊಳ್ಳೋ ಕೆಲಸ ನಿಮ್ಮೊಬ್ಬರ ಮೇಲೆ ಬೇಡ. ದೋಣಿ ಮಧ್ಯದಲ್ಲಿ, ಕೆಳಗಡೆ ಕೂರಿ, ಅಲ್ಲಿ ಕುಲುಕಾಟ ಕಡಿಮೆ. ದೂರದ ದಿಗಂತ ನೋಡ್ತಾ ಇರಿ. ಒಳಗಿವಿ ಅಲುಗಾಡ್ತಿದೀವಿ ಅನ್ನುತ್ತೆ, ಫೋನ್ ನೋಡೋ ಕಣ್ಣು ಇಲ್ಲ ಅನ್ನುತ್ತೆ, ಆ ತಿಕ್ಕಾಟದಿಂದಲೇ ಹೊಟ್ಟೆ ತೊಳಸೋದು. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಸ್ವಲ್ಪ ತಿಂದು ಬನ್ನಿ.

ಭಾವ: ಸರಿ. ಡಾಕ್ಟರನ್ನ ಕೇಳ್ತೀನಿ.

ಅತ್ತೆ: ಊಟ ಆದ್ಮೇಲೆ ಒಂದು ಗಂಟೆ ಯಾರೂ ನೀರಿಗಿಳೀಬಾರದು. ಅದನ್ನ ಮೊದಲೇ ಹೇಳಿಬಿಡಿ.

ತಮ್ಮ: ಅತ್ತೆ ಅದು ಹಳೇ ನಂಬಿಕೆ.

ಅತ್ತೆ: ನಮ್ಮಮ್ಮ ಹೇಳ್ತಿದ್ದಿದ್ದು. ಸುಮ್ನೆ ಹೇಳ್ತಾರಾ?

ನಾನು: ಅತ್ತೆ, ಅಮೆರಿಕನ್ ರೆಡ್ ಕ್ರಾಸ್‌ನ ವಿಜ್ಞಾನ ಸಲಹಾ ಮಂಡಳಿ ಇದನ್ನ ಕೂತು ಪರಿಶೀಲಿಸಿದೆ. ಊಟ ಮಾಡಿದ್ದರಿಂದಲೇ ಮುಳುಗಿದ್ರು ಅನ್ನೋಕೆ ಆಧಾರ ಸಿಗಲಿಲ್ಲ. ಊಟದ ಜೊತೆ ಕುಡಿಯೋದು ನಿಜವಾದ ಅಪಾಯ. ಕುಡಿದವರು ನೀರಿಗಿಳೀಬಾರದು. ಇದು ಮಾತ್ರ ನಮ್ಮ ಗುಂಪಿನಲ್ಲಿ ಯಾರಿಗೂ ವಿನಾಯಿತಿ ಬೇಡ. ಆದ್ರೂ ನಿಮ್ಮ ಮಾತಿನಂತೆ ಊಟ ಆದ ಮೇಲೆ ಇಳಿಯೋದು ಬೇಡ ಅಂತಲೇ ನನ್ನ ಅಭಿಪ್ರಾಯ, ಕಾರಣ ಬೇರೆ. ಬಿಸಿಲೇರಿದ ಹಾಗೆ ನೆಲ ಕಾಯುತ್ತೆ, ಅದರ ಮೇಲಿನ ಗಾಳಿ ಮೇಲೇರುತ್ತೆ, ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತೆ. ಬೆಳಿಗ್ಗೆ ಶಾಂತವಾಗಿದ್ದ ನೀರು ಮಧ್ಯಾಹ್ನ 3ರ ಹೊತ್ತಿಗೆ ಅಲೆ ಎಬ್ಬಿಸೋದು ಅದಕ್ಕೇ. ಈಜೋದೆಲ್ಲ ಊಟಕ್ಕೆ ಮುಂಚೆ ಮುಗಿಸಿಬಿಟ್ರೆ ಎಲ್ಲರಿಗೂ ಒಳ್ಳೇದು.

ಅತ್ತೆ: ಹಾಂ, ಹಾಗೇ ಮಾಡಿ.

ದೊಡ್ಡಪ್ಪ: ಗಾಳಿ ಮಾತು ಬಂತಲ್ಲ. 2018ರಲ್ಲಿ ಥಾಯ್ಲೆಂಡಿನ ಫುಕೆಟ್ ಹತ್ತಿರ ಒಂದು ಪ್ರವಾಸಿ ದೋಣಿ ಬಿರುಗಾಳಿಗೆ ಮುಳುಗಿ 47 ಜನ ಹೋದ್ರಲ್ಲ, ಅದೂ ಹೀಗೇ ಇಡೀ ದಿನದ ವಿಹಾರ ಮುಗಿಸಿ ಬರೋವಾಗಲೇ. ಪೇಪರಲ್ಲಿ ಓದಿದ್ದು ಈಗ ನೆನಪಾಯ್ತು. ಹವಾಮಾನದ ಮುನ್ಸೂಚನೆ ಕೆಟ್ಟದಿದ್ರೆ ಹೊರಡಲ್ಲ, ದುಡ್ಡು ವಾಪಸ್ ಕೊಡ್ತೀವಿ ಅಂತ ಅವರ ಬಾಯಲ್ಲಿ ಬರಬೇಕು. ದುಡ್ಡು ವಾಪಸ್ ಇಲ್ಲ ಅಂದ್ರೆ ಜನ ಕೆಟ್ಟ ಗಾಳಿಯಲ್ಲೂ ಹೊರಟುಬಿಡ್ತಾರೆ. ನಾನೂ ಹೊರಡ್ತಿದ್ನೇನೋ.

ಅಕ್ಕ: ಥ್ಯಾಂಕ್ಸ್ ದೊಡ್ಡಪ್ಪ.

ತಮ್ಮ: ನಾನು ಉಸಿರು ಹಿಡಿದು ಆಳಕ್ಕೆ ಹೋಗೋದು ಪ್ರಾಕ್ಟೀಸ್ ಮಾಡ್ತಿದ್ದೀನಿ. 2 ನಿಮಿಷದ ಹತ್ತಿರ ಬಂದಿದೆ.

ನಾನು: ಎಲ್ಲಿ? ಹೇಗೆ?

ತಮ್ಮ: ಕೊಳದಲ್ಲಿ. ಮೊದಲು ಜೋರಾಗಿ ಇಪ್ಪತ್ತು ಸಲ ಉಸಿರಾಡಿ ಆಮೇಲೆ ಮುಳುಗೋದು.

ನಾನು: ಇವತ್ತಿಂದ ನಿಲ್ಲಿಸು. ಕೈ ಮುಗೀತೀನಿ. ಜೋರಾಗಿ ಉಸಿರಾಡಿದ್ರೆ ಆಮ್ಲಜನಕ ಹೆಚ್ಚೇನೂ ತುಂಬಲ್ಲ, ಕಾರ್ಬನ್ ಡೈಆಕ್ಸೈಡ್ ಖಾಲಿಯಾಗುತ್ತೆ. ಉಸಿರು ಬೇಕು ಅಂತ ಮೈ ಎಚ್ಚರಿಸೋದೇ ಅದು ಹೆಚ್ಚಾದಾಗ. ಎಚ್ಚರಿಕೆ ಬರೋ ಮೊದಲೇ ಆಮ್ಲಜನಕ ಮುಗಿದು ನೀರಿನೊಳಗೇ ಪ್ರಜ್ಞೆ ಹೋಗುತ್ತೆ. ಚೆನ್ನಾಗಿ ಈಜೋ ಹುಡುಗರೇ ಹೀಗೆ ಹೋಗಿರೋದು. ನಮ್ಮ 5 ಜನರಲ್ಲಿ ನೀನೊಬ್ಬ, ನಿನ್ನನ್ನ ನಂಬ್ಕೊಂಡು ಉಳಿದವರು ಇಳೀತಾರೆ.

ತಮ್ಮ: ಸರಿ ಅಕ್ಕ. ಮಾಡಲ್ಲ.

ಚಿಕ್ಕಮ್ಮ: ಸನ್‌ಸ್ಕ್ರೀನ್ ನಾನು ತರ್ತೀನಿ, ಎಲ್ಲರಿಗೂ ಒಂದೇ ದೊಡ್ಡ ಡಬ್ಬಿ.

ನಾನು: ಚಿಕ್ಕಮ್ಮ, ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಅನ್ನೋ ರಾಸಾಯನಿಕ ಇಲ್ಲದ್ದು ನೋಡಿ. ಹವಳಕ್ಕೆ ಕೆಡುಕು ಅಂತ ಹವಾಯಿಯಲ್ಲಿ 2021ರಿಂದ ಅವೆರಡು ಇರೋದನ್ನ ಮಾರೋ ಹಾಗಿಲ್ಲ. ಅದಕ್ಕಿಂತ ತೋಳುದ್ದದ ಈಜು ಅಂಗಿ ಮೇಲು. ಸ್ನಾರ್ಕ್ಲಿಂಗ್‌ನಲ್ಲಿ ಬೆನ್ನು ಪೂರ್ತಿ ಬಿಸಿಲಿಗಿರುತ್ತೆ, ನೀರು ತಣ್ಣಗಿರೋದ್ರಿಂದ ಸುಟ್ಟದ್ದು ಗೊತ್ತೇ ಆಗಲ್ಲ. ಮತ್ತೆ ಹವಳದ ಮೇಲೆ ಯಾರೂ ಕಾಲಿಡಬಾರದು, ಸುಸ್ತಾದ್ರೂ ಸರಿ. ನೋಡೋಕೆ ಕಲ್ಲಿನ ಹಾಗಿದ್ರೂ ಅದು ಜೀವ. ಗುಂಡು ಹವಳ ವರ್ಷಕ್ಕೆ ಬೆಳೆಯೋದೇ ಸುಮಾರು ಒಂದು ಸೆಂಟಿಮೀಟರ್.

ಚಿಕ್ಕಮ್ಮ: ಹಾಗಿದ್ರೆ ಅಂಗಿ ಹುಡುಕ್ತೀನಿ.

(ಮಧ್ಯಾಹ್ನ)

ಚಿಕ್ಕಪ್ಪ: ಫೋನ್ ಮಾಡಿದ್ದೆ. ನೆರಳಿದೆ, ಬಚ್ಚಲಿದೆ, ದಕ್ಕೆಯಿಂದ ನೇರ ಹತ್ತಬಹುದು. ಖುಷಿಯಾಗಿ ಕೇಳ್ತಾ ಹೋದೆ. ಮಗುವಿನ ಜಾಕೆಟ್ ಅಂದೆ. ದೊಡ್ಡದನ್ನೇ ಬೆಲ್ಟ್ ಬಿಗಿ ಮಾಡಿ ಹಾಕ್ತೀವಿ ಸಾರ್ ಅಂದ. ಹೆಸರು ಕರೆದು ಎಣಿಸ್ತೀರಾ ಅಂದೆ. ನಾವು ನೋಡ್ಕೊಳ್ತೀವಿ ಸಾರ್ ಅಂದ. ಆಮೇಲೆ ಪುಟ್ಟಿ ಹೇಳಿದ್ದು ನೆನಪಾಗಿ ಕೇಳ್ದೆ, ಊಟದ ಹೊತ್ತಲ್ಲಿ ಯಾರಾದ್ರೂ ನೀರಲ್ಲಿದ್ರೆ ನೋಡ್ತಾ ಇರೋದು ಯಾರು ಅಂತ. ಊಟದ ಹೊತ್ತಲ್ಲಿ ನಮ್ಮ ಹುಡುಗರೆಲ್ಲ ಬಡಿಸ್ತಾರೆ ಸಾರ್, ನಿಮಗೇನೂ ಕಮ್ಮಿ ಮಾಡಲ್ಲ ಅಂದ.

ಚಿಕ್ಕಪ್ಪ: ಫೋನ್ ಇಟ್ಟೆ.

ಅಕ್ಕ: ಹೆಸರು ಕೊಟ್ರಾ?

ಚಿಕ್ಕಪ್ಪ: ಇಲ್ಲ. ನಿನ್ನೆ ನಾನು ಅಡ್ಡ ಮಾತು ಅಂದಿದ್ದು ತಪ್ಪಾಯ್ತಮ್ಮ. ಆದ್ರೆ ಇಡೀ ದಿನದ್ದೇ ಬೇಕು, ಅದನ್ನ ನಾನು ಬಿಡಲ್ಲ. ಬೇರೆ ದೋಣಿ ಹುಡುಕೋಣ.

ಅಕ್ಕ: ಇಡೀ ದಿನ ಆಗ್ಲಿ, ಆದ್ರೆ ಮೂರು ದ್ವೀಪ ಬೇಡ. ಒಂದು ಕಡೆ ನಿಧಾನವಾಗಿ ಇಳಿದು, ಇನ್ನೊಂದು ಕಡೆ ದಡದಲ್ಲಿ ಊಟ. ಪುಟ್ಟ ಮರಳಲ್ಲಿ ಆಡ್ಕೊಂಡಿರ್ತಾನೆ.

ಚಿಕ್ಕಪ್ಪ: ಯೋಚಿಸೋಣ.

ತಮ್ಮ: (ಹಂಚಿದ ಚಿತ್ರ) ಇದು ನೋಡಿ. 2 ದ್ವೀಪ, ದಡದಲ್ಲಿ ಊಟ, 20 ಜನಕ್ಕಿಂತ ಹೆಚ್ಚು ಹತ್ತಿಸಲ್ಲ ಅಂತ ಬರೆದಿದ್ದಾರೆ. ಮಕ್ಕಳ ಜಾಕೆಟ್ ಇರೋ ಫೋಟೋನೂ ಹಾಕಿದ್ದಾರೆ.

ಅಕ್ಕ: ಫೋಟೋ ಬೇಡ, ಪುಟ್ಟನ ತೂಕ 15 ಕೆಜಿ ಅಂತ ಹೇಳಿ ಆ ಅಳತೆಯದು ಇದ್ಯಾ ಕೇಳು.

ಚಿಕ್ಕಪ್ಪ: ನಾನೇ ಕೇಳ್ತೀನಿ. ನಂಬರ್ ಕಳಿಸು.