ಊರು ಗುರುಮಠಕಲ್ ಕಡೆ, ದುಡಿಮೆ ಬೆಂಗಳೂರಿನಲ್ಲಿ: ಅಂಚೆ ಮತಪತ್ರ ಯಾರಿಗೆ ಸಿಗುತ್ತದೆ?

ಪ್ರಶ್ನೆ: ಗುರುಮಠಕಲ್ ಓದುಗ

ಎಲ್ಲರಿಗೂ ಶರಣು. ನಮ್ಮ ಮನೆಯವರ ಮತಗಳ ವಿಷಯದಲ್ಲಿ ತಿಳಿದವರಿಂದ ಸ್ಪಷ್ಟವಾದ ಉತ್ತರ ಬೇಕಾಗಿದೆ. ನಾನು ಬೆಂಗಳೂರಿನಲ್ಲಿ ಕಟ್ಟಡ ಗುತ್ತೇದಾರರೊಬ್ಬರ ಬಳಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ನನ್ನ ಹೆಸರು ಊರಿನ ಪಟ್ಟಿಯಲ್ಲೇ ಇದೆ. ಹೆಂಡತಿಯ ಹೆಸರು ಮದುವೆಯಾದ ಮೇಲೂ ಭಾಲ್ಕಿಯಲ್ಲೇ ಉಳಿದಿದೆ. ತಮ್ಮ ಗಡಿ ಭದ್ರತಾ ಪಡೆಯಲ್ಲಿದ್ದಾನೆ. ಅವ್ವ ಊರಿನಲ್ಲಿ ಅಕ್ಕನ ಆಸರೆಯಲ್ಲಿದ್ದಾಳೆ. ಸೊಂಟದ ಮೂಳೆ ಮುರಿದ ಮೇಲೆ ಹೊಸ್ತಿಲು ದಾಟಿಲ್ಲ. ರಜಾಕಾರರ ಗದ್ದಲದ ವರ್ಷ, ಅಂದರೆ 1948ರ ಸುಮಾರಿಗೆ, ತಾನು ಕುರಿ ಕಾಯುವಷ್ಟು ದೊಡ್ಡವಳಾಗಿದ್ದೆ ಎಂದು ಆಕೆ ಹೇಳುತ್ತಾಳೆ, ಎಂದರೆ ವಯಸ್ಸು ಎಂಬತ್ತೈದು ದಾಟಿರಲೇಬೇಕು, ಆದರೆ ಮತದಾರರ ಪಟ್ಟಿಯಲ್ಲಿ 78 ಎಂದಿದೆ. ಗೈರುಹಾಜರಿ ಮತದಾರರಿಗೆ ಅಂಚೆ ಮತಪತ್ರ ಕೊಡುತ್ತಾರೆಂದು ಕೇಳಿದ್ದೇನೆ. ನಮ್ಮಲ್ಲಿ ಯಾರಿಗೆ ಅದು ಸಿಗುತ್ತದೆ? ನನ್ನೊಂದಿಗೆ ಊರಿನಿಂದ ಗುಳೆ ಬಂದಿರುವ ಗಾರೆ ಕೆಲಸದವರೂ ಇದನ್ನೇ ಕೇಳುತ್ತಿದ್ದಾರೆ.

ಉತ್ತರ: ಭೀಮಾತೀರ

ನಾನು ಶಹಾಪುರ ತಾಲ್ಲೂಕಿನಲ್ಲಿ ಶಿಕ್ಷಕನಾಗಿದ್ದು, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸವನ್ನೂ ನೋಡಿಕೊಂಡವನು. ಮೊದಲು ನಿಮ್ಮ ತಾಯಿಯವರ ವಿಷಯ ಹೇಳುತ್ತೇನೆ, ಏಕೆಂದರೆ ಈಗಿನಿಂದಲೇ ಓಡಾಡಬೇಕಾಗಿರುವುದು ಅದಕ್ಕೆ.

ಅಂಚೆ ಮತಪತ್ರದಲ್ಲಿ ಮನೆಯಿಂದಲೇ ಮತ ಹಾಕುವ ಅವಕಾಶ 2019ರ ನಿಯಮ ತಿದ್ದುಪಡಿಯಿಂದ ಬಂದಿತು. ಆಗ ಎಂಬತ್ತು ದಾಟಿದವರಿಗೆಲ್ಲ ಇತ್ತು. ನಮ್ಮ ರಾಜ್ಯದ 2023ರ ವಿಧಾನಸಭಾ ಚುನಾವಣೆ ನಡೆದದ್ದು ಆ ಲೆಕ್ಕದಲ್ಲೇ. 2024ರ ಲೋಕಸಭಾ ಚುನಾವಣೆಗೆ ಮುನ್ನ ಆ ವಯಸ್ಸನ್ನು 85ಕ್ಕೆ ಏರಿಸಲಾಯಿತು. ಅಧಿಸೂಚನೆ ಹೊರಟ ಐದು ದಿನಗಳೊಳಗೆ ಇದಕ್ಕಿರುವ ಅರ್ಜಿ, ನಮೂನೆ 12ಡಿ, ಸಲ್ಲಿಕೆಯಾಗಬೇಕು. ಅರ್ಹರ ಮನೆಗೆ ಬಿಎಲ್‌ಒ ಅವರೇ ನಮೂನೆಯನ್ನು ತಂದುಕೊಟ್ಟು, ತುಂಬಿಸಿಕೊಂಡು ಹೋಗುತ್ತಾರೆ. ಆದರೆ ಅರ್ಹರು ಯಾರೆಂದು ಅವರು ನೋಡುವುದು ಪಟ್ಟಿಯಲ್ಲಿರುವ ವಯಸ್ಸನ್ನು. ನಮ್ಮ ಭಾಗದ ಹಿರಿಯರಲ್ಲಿ ಜನನ ದಾಖಲೆ ಇರುವವರು ಬಹಳ ವಿರಳ. ಮೊದಲ ಸಲ ಹೆಸರು ಬರೆಸಿದಾಗ ಯಾರೋ ಅಂದಾಜಿನ ಮೇಲೆ ಹಾಕಿದ ವಯಸ್ಸೇ ಇಂದಿಗೂ ಮುಂದುವರಿದುಕೊಂಡು ಬಂದಿರುತ್ತದೆ. ಆದ್ದರಿಂದ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ನಮೂನೆ 8ರಲ್ಲಿ ವಯಸ್ಸಿನ ತಿದ್ದುಪಡಿಗೆ ಅರ್ಜಿ ಹಾಕಿರಿ. ಆಧಾರ್‌ನಲ್ಲಿ ಸರಿಯಾದ ವಯಸ್ಸಿದ್ದರೆ ಅದರ ಪ್ರತಿ ಲಗತ್ತಿಸಿರಿ.

ಅದರಲ್ಲೂ ವಯಸ್ಸು ತಪ್ಪಿದ್ದರೆ ಇನ್ನೊಂದು ದಾರಿಯಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿದೆಯೆಂಬ ಪ್ರಮಾಣಪತ್ರವಿರುವವರಿಗೆ ವಯಸ್ಸು ಎಷ್ಟೇ ಆಗಿದ್ದರೂ ಇದೇ 12ಡಿ ಅನ್ವಯವಾಗುತ್ತದೆ. ಸೊಂಟದ ಮೂಳೆ ಮುರಿದು ನಡೆಯಲಾಗದವರನ್ನು ವೈದ್ಯಕೀಯ ಮಂಡಳಿ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರೆ, ಅದನ್ನು ನಮೂನೆ 8ರ ಮೂಲಕ ಪಟ್ಟಿಯಲ್ಲಿ ಗುರುತಿಸಿಕೊಳ್ಳಬಹುದು. ನಿಮ್ಮ ತಾಯಿಯವರಿಗೆ ಇದೇ ಹೆಚ್ಚು ಭದ್ರವಾದ ದಾರಿಯೆಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಹಳೆಯ ಕಾಗದಗಳನ್ನು ಹುಡುಕುವ ಗೋಜಿಲ್ಲ.

ಮತ ಪಡೆಯಲು ಬರುವ ತಂಡದಲ್ಲಿ ಮತಗಟ್ಟೆ ಸಿಬ್ಬಂದಿ, ಪೊಲೀಸರು, ವಿಡಿಯೊ ತೆಗೆಯುವವರು ಇರುತ್ತಾರೆ. ಅಭ್ಯರ್ಥಿಗಳಿಗೂ ಮೊದಲೇ ತಿಳಿಸಿರುತ್ತಾರೆ. ಮಂಚದ ಪಕ್ಕದಲ್ಲೇ ರಟ್ಟಿನ ಮರೆಯಿಟ್ಟು ಮತಪತ್ರ ಕೊಡುತ್ತಾರೆ. ಗುರುತು ಹಾಕುವುದನ್ನು ಚಿತ್ರೀಕರಿಸುವಂತಿಲ್ಲ. ಕಣ್ಣು ಕಾಣದವರಾದರೆ ಅಥವಾ ಕೈ ನಡುಗುವವರಾದರೆ ನಂಬಿಕೆಯ ಒಬ್ಬರನ್ನು ಸಹಾಯಕ್ಕೆ ಇರಿಸಿಕೊಳ್ಳಬಹುದು. ಮೊದಲ ಭೇಟಿಯಲ್ಲಿ ಸಿಗದಿದ್ದರೆ ಇನ್ನೊಮ್ಮೆ ಬರುತ್ತಾರೆ, ಅಷ್ಟೇ. ಒಮ್ಮೆ 12ಡಿ ಮಂಜೂರಾಯಿತೆಂದರೆ ಮತಗಟ್ಟೆಗೆ ಹೋಗಿ ಮತ ಹಾಕಲು ಬರುವುದಿಲ್ಲ ಎಂಬುದನ್ನು ಅಕ್ಕನವರಿಗೆ ತಿಳಿಸಿ ಹೇಳಿರಿ.

ನಿಮಗೂ ನಿಮ್ಮ ಜೊತೆಯ ಗಾರೆ ಕೆಲಸದವರಿಗೂ ಅಂಚೆ ಮತಪತ್ರ ಸಿಗುವುದಿಲ್ಲ. ಬೇರೆ ಊರಿನಲ್ಲಿ ದುಡಿಯುತ್ತಿರುವುದು ಸದ್ಯದ ನಿಯಮಗಳಲ್ಲಿ ಕಾರಣವೇ ಅಲ್ಲ. ಚುನಾವಣಾ ಕರ್ತವ್ಯದಲ್ಲಿರುವ ನಮ್ಮಂಥವರಿಗೆ ಅಂಚೆ ಮತಪತ್ರ ಕೋರಲು ನಮೂನೆ 12 ಇದೆ. ನಮ್ಮ ಜಿಲ್ಲೆಯಲ್ಲಿ ಇದರದೊಂದು ತೊಡಕೂ ಇದೆ: ಶಹಾಪುರ, ಸುರಪುರ, ಯಾದಗಿರಿ ಕ್ಷೇತ್ರಗಳು ರಾಯಚೂರು ಲೋಕಸಭೆಗೆ ಸೇರಿದರೆ ಗುರುಮಠಕಲ್ ಕಲಬುರಗಿ ಲೋಕಸಭೆಗೆ ಸೇರುತ್ತದೆ. ಆದ್ದರಿಂದ ಲೋಕಸಭಾ ಚುನಾವಣೆಯಲ್ಲಿ ಶಹಾಪುರದ ಶಿಕ್ಷಕರನ್ನು ಯಾದಗಿರಿಗೆ ಹಾಕಿದರೆ ಅವರು ಕರ್ತವ್ಯ ಪ್ರಮಾಣಪತ್ರ ಪಡೆದು ಅಲ್ಲಿಯೇ ಯಂತ್ರದಲ್ಲಿ ಮತ ಹಾಕಬಹುದು, ಗುರುಮಠಕಲ್‌ಗೆ ಹಾಕಿದರೆ ಅಂಚೆ ಮತಪತ್ರವೇ ಗತಿ.

ಉತ್ತರ: ತಾಂಡಾ ಶಿಕ್ಷಕಿ, ಚಿಂಚೋಳಿ

ಗುಳೆ ಹೋದವರ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ತಾಲ್ಲೂಕಿನ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದಿಗೆ ಹೋದವರು ಮುಂಗಾರಿಗೆ ಮರಳುತ್ತಾರೆ. 2023ರಲ್ಲಿ ಮತದಾನವಿದ್ದದ್ದು ಮೇ 10ರಂದು, 2024ರಲ್ಲಿ ನಮ್ಮ ಭಾಗದಲ್ಲಿ ಮೇ 7ರಂದು. ಎರಡೂ ಸಲ ಬೀಗ ಹಾಕಿದ ಮನೆಗಳ ಸಾಲೇ ಕಾಣುವ ಕಾಲ ಅದು.

ಬೀಗ ನೋಡಿ ಹೆಸರು ಹೋಗಿಬಿಡುತ್ತದೆಯೆಂಬ ಭಯ ನಮ್ಮ ಜನರಲ್ಲಿದೆ. ಆದರೆ 1950ರ ಜನಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮು ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಆ ಊರಿನ ಸಾಮಾನ್ಯ ನಿವಾಸಿಯಲ್ಲದವರಾಗುವುದಿಲ್ಲ ಎಂದು ಹೇಳುತ್ತದೆ. ಊರು ಬಿಟ್ಟಿದ್ದಾರೆಂದು ಹೆಸರು ತೆಗೆಯುವ ಮುನ್ನ ಸಂಬಂಧಪಟ್ಟವರ ಮಾತು ಕೇಳಲೇಬೇಕು ಎಂದು 22ನೇ ಕಲಮು ವಿಧಿಸುತ್ತದೆ. ಮಳೆಗಾಲಕ್ಕೆ ಮರಳುವವರು ಧೈರ್ಯವಾಗಿ ಊರಿನ ಪಟ್ಟಿಯಲ್ಲಿಯೇ ಇರಲಿ. ಮತಗಟ್ಟೆಯ ಅಧಿಕಾರಿಗಳ ಬಳಿಯಿರುವ ಗೈರು, ಸ್ಥಳಾಂತರ, ಮೃತರ ಯಾದಿಯಲ್ಲಿ ಹೆಸರು ಬಂದಿದ್ದರೂ ಗುರುತಿನ ದಾಖಲೆ ತೋರಿಸಿ ಹೆಬ್ಬೆರಳು ಒತ್ತಿ ಮತ ಹಾಕಬಹುದು. ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಕಳೆದಿದ್ದರೆ ಉದ್ಯೋಗ ಖಾತರಿಯ ಜಾಬ್ ಕಾರ್ಡೂ ನಡೆಯುತ್ತದೆ.

ನೀವು ಗುತ್ತೇದಾರರ ಲೆಕ್ಕ ಬರೆಯುವವರಾದ್ದರಿಂದ ಇದನ್ನು ವಿಶೇಷವಾಗಿ ಗಮನಿಸಿರಿ: 1951ರ ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ, ಬೇರೆ ಊರಿನಲ್ಲಿ ಹೆಸರಿರುವವರಿಗೂ ಅದು ಅನ್ವಯಿಸುತ್ತದೆ. ಹಾಜರಿ ಪುಸ್ತಕದಲ್ಲಿ ಆ ದಿನವನ್ನು ಗೈರೆಂದು ಬರೆಯದಿರುವುದು ನಿಮ್ಮ ಕೈಯಲ್ಲಿದೆ. ಆದರೆ ಉಲ್ಲಂಘಿಸಿದವರಿಗೆ ಇರುವ ದಂಡ ಐದು ನೂರು ರೂಪಾಯಿಯವರೆಗೆ ಮಾತ್ರ, ಮತ್ತು ಒಂದು ದಿನದ ರಜೆಯಲ್ಲಿ ಬೆಂಗಳೂರಿನಿಂದ ಯಾದಗಿರಿಗೆ ಬಂದು ಹಿಂತಿರುಗುವುದು ಆಗದ ಮಾತು.

2023ರ ಜನವರಿಯಲ್ಲಿ ಚುನಾವಣಾ ಆಯೋಗವು ಒಂದೇ ಕಡೆಯಿಂದ 72 ಕ್ಷೇತ್ರಗಳ ಮತ ಪಡೆಯಬಲ್ಲ ದೂರ ಮತದಾನ ಯಂತ್ರದ ಮಾದರಿಯನ್ನು ಪಕ್ಷಗಳ ಮುಂದಿಟ್ಟಿತ್ತು. ಹಲವು ಪಕ್ಷಗಳು ಒಪ್ಪಲಿಲ್ಲ, ಅದು ಬಳಕೆಗೆ ಬರಲಿಲ್ಲ. ಯಂತ್ರದ ಮೇಲೆ ಸಂಶಯವಿದ್ದರೆ ಇರಲಿ. ಆದರೆ 1951ರ ಕಾಯ್ದೆಯ 60ನೇ ಕಲಮಿನಡಿ ಯಾವುದೇ ವರ್ಗದ ಮತದಾರರನ್ನು ಅಂಚೆ ಮತಕ್ಕೆ ಅರ್ಹರೆಂದು ಸೂಚಿಸಲು ಅವಕಾಶವಿದೆ. ವೃದ್ಧರಿಗೆ ಆ ಬಾಗಿಲು ತೆರೆದಿರುವಾಗ, ಹೊಟ್ಟೆಪಾಡಿಗೆ ಊರು ಬಿಟ್ಟವರಿಗೆ ಏಕೆ ತೆರೆಯಬಾರದು ಎಂಬ ನನ್ನ ಪ್ರಶ್ನೆಗೆ ಸಮಾಧಾನಕರ ಉತ್ತರ ಎಲ್ಲಿಯೂ ಕಂಡಿಲ್ಲ.

ಮರುಪ್ರಶ್ನೆ: ಗುರುಮಠಕಲ್ ಓದುಗ

ಇಬ್ಬರಿಗೂ ಶರಣಾರ್ಥಿ. ಹಾಜರಿ ಪುಸ್ತಕದ ಮಾತನ್ನು ನಾಳೆಯೇ ಗುತ್ತೇದಾರರ ಮುಂದೆ ಇಡುತ್ತೇನೆ. ಇನ್ನೆರಡು ಸಂಶಯಗಳಿವೆ. ನಾವು ಗಂಡ ಹೆಂಡತಿ ವರ್ಷವಿಡೀ ಬೆಂಗಳೂರಿನಲ್ಲೇ ಇರುವುದರಿಂದ ಊರಿನಲ್ಲಿ ಮನೆಯಿದೆಯೆಂದು ಹೆಸರನ್ನು ಅಲ್ಲಿಯೇ ಇಟ್ಟುಕೊಳ್ಳಬಹುದೇ? ಮತದಾನದ ಹೊತ್ತಿಗೆ ನನ್ನ ತಮ್ಮ ರಜೆಯ ಮೇಲೆ ಊರಿಗೆ ಬಂದರೆ ಅಲ್ಲಿಯೇ ಮತ ಹಾಕಬಹುದೇ?

ಉತ್ತರ: ಬೀದರ್ ಕೋಟೆ

ನಾನು ಅರೆಸೇನಾ ಪಡೆಯಿಂದ ನಿವೃತ್ತನಾದವನು. ಸ್ವಂತ ಮನೆಯಿದೆ ಎಂಬುದೊಂದೇ ಕಾರಣಕ್ಕೆ ಅಲ್ಲಿನ ನಿವಾಸಿಯಾಗುವುದಿಲ್ಲವೆಂದು 1950ರ ಕಾಯ್ದೆಯ ಅದೇ 20ನೇ ಕಲಮು ಹೇಳುತ್ತದೆ. ವರ್ಷವಿಡೀ ಬೆಂಗಳೂರಿನಲ್ಲಿರುವ ನೀವಿಬ್ಬರೂ ಅಲ್ಲಿನ ವಿಳಾಸಕ್ಕೆ ನಮೂನೆ 8ರ ಮೂಲಕವೇ ವರ್ಗ ಮಾಡಿಸಿಕೊಳ್ಳಿರಿ. ಎಪಿಕ್ ಸಂಖ್ಯೆ ಹಳೆಯದೇ ಉಳಿಯುತ್ತದೆ, ಭಾಲ್ಕಿಯ ಹೆಸರು ಅಲ್ಲಿಂದ ತೆಗೆಯಲ್ಪಡುತ್ತದೆ. ಹೊಸ ಮತದಾರರಿಗಿರುವ ನಮೂನೆ 6 ಹಾಕಿದರೆ ಎರಡು ಕಡೆ ಹೆಸರಾಗುತ್ತದೆ. ಬೇರೆಲ್ಲೂ ಹೆಸರಿಲ್ಲವೆಂದು ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿಗೆ ಯಾರ ಹೆಸರೂ ಸೇರುವುದಿಲ್ಲ, ಆದ್ದರಿಂದ ತಡಮಾಡಬೇಡಿರಿ. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950 ಸಂಖ್ಯೆಗೆ ಕರೆ ಮಾಡಿರಿ.

ನಿಮ್ಮ ತಮ್ಮನ ಹೆಸರು ಪಟ್ಟಿಯ ಕೊನೆಯ ಭಾಗದಲ್ಲಿ ಸೇವಾ ಮತದಾರನೆಂದು ಇದ್ದರೆ, ರಜೆಯ ಮೇಲೆ ಊರಿನಲ್ಲಿದ್ದರೂ ಮತಗಟ್ಟೆಯಲ್ಲಿ ಮತ ಹಾಕಲು ಬರುವುದಿಲ್ಲ. ಮತಪತ್ರ ವಿದ್ಯುನ್ಮಾನ ರೂಪದಲ್ಲಿ ಅವರ ಘಟಕಕ್ಕೆ ಬರುತ್ತದೆ. ಅದನ್ನು ಮುದ್ರಿಸಿಕೊಂಡು, ಗುರುತು ಹಾಕಿ, ಘೋಷಣೆಗೆ ಸಹಿ ಮಾಡಿಸಿ ಅಂಚೆಯಲ್ಲಿ ಕಳಿಸಬೇಕು. ಅದಕ್ಕೆ ಅಂಚೆಚೀಟಿ ಬೇಕಿಲ್ಲ. ಲಕೋಟೆ ಎಣಿಕೆಯ ದಿನ ಎಣಿಕೆ ಆರಂಭವಾಗುವ ಮೊದಲೇ ಚುನಾವಣಾಧಿಕಾರಿಯ ಕೈ ಸೇರಬೇಕು. 2024ರಲ್ಲಿ ಮೇ 7ರ ಮತದಾನಕ್ಕೆ ಜೂನ್ 4ರಂದು ಎಣಿಕೆ ನಡೆದದ್ದರಿಂದ ಸಾಕಷ್ಟು ಕಾಲವಿತ್ತು; 2023ರಲ್ಲಿ ಮತದಾನವಾದ ಮೂರನೆಯ ದಿನವೇ ಎಣಿಕೆಯಾಯಿತು. ಗಡಿಯ ಚೌಕಿಯಿಂದ ಯಾದಗಿರಿಗೆ ಅಂಚೆ ತಲುಪಲು ಎಷ್ಟು ದಿನ ಹಿಡಿಯುತ್ತದೆಂದು ಅವನಿಗೇ ಗೊತ್ತಿರುತ್ತದೆ. ಮತಪತ್ರ ಕೈಗೆ ಬಂದ ದಿನವೇ ಗುರುತು ಹಾಕಿ ಕಳಿಸಲು ಹೇಳಿರಿ, ಮತ್ತು ರಜೆಯ ಮೇಲೆ ಹೊರಡುವ ಮುನ್ನ ಅದು ಬಂದಿದೆಯೇ ಎಂದು ಘಟಕದ ಕಚೇರಿಯಲ್ಲಿ ವಿಚಾರಿಸಲಿ.