ಎಂಬಿಎ ಪ್ರವೇಶ ಪರೀಕ್ಷೆಯ ಪ್ರಬಂಧಕ್ಕೆ ಟ್ಯೂಷನ್ ಬೇಕಾ? ಹಾದುಬಂದವರ ಅನುಭವ

ಕೇಳಿದ್ದು:

ನಮಸ್ಕಾರ. ಆರು ವರ್ಷದಿಂದ ಕೆಲಸದಲ್ಲಿದ್ದೇನೆ, ಈ ವರ್ಷ ಎಂಬಿಎಗೆ ಅರ್ಜಿ ಹಾಕಬೇಕು ಅಂತಿದೆ. ಗಣಿತಕ್ಕೆ ಹೆದರಿಕೆ ಇಲ್ಲ. ಪ್ರಬಂಧ ಅಂದರೆ ಮಾತ್ರ ಕೈ ಓಡುವುದಿಲ್ಲ. ಕಾಲೇಜು ಬಿಟ್ಟ ಮೇಲೆ ಇಮೇಲ್ ಬಿಟ್ಟು ಬೇರೇನೂ ಬರೆದವನಲ್ಲ. ಅರ್ಧ ಗಂಟೆಗೆ ಟೈಮರ್ ಇಟ್ಟು ಕೂತರೆ ಹತ್ತು ನಿಮಿಷ ಮೊದಲ ವಾಕ್ಯಕ್ಕೇ ಹೋಗುತ್ತದೆ. ಪ್ರಬಂಧ ಒಂದಕ್ಕೇ ಪಾಠ ಹೇಳುವ ಟ್ಯೂಟರ್ ಒಬ್ಬರು ಸಿಕ್ಕಿದ್ದಾರೆ. ಎಂಟು ಕ್ಲಾಸು, ಜೊತೆಗೆ ಯಾವ ವಿಷಯ ಬಂದರೂ ಹೊಂದುವ ಒಂದು ಟೆಂಪ್ಲೇಟ್ ಕೊಡುತ್ತಾರಂತೆ. ಪೂರ್ತಿ ಫೀಸು ಮೊದಲೇ ಕಟ್ಟಬೇಕು. ಸೇರಲಾ? ಅನುಭವ ಇರುವವರು ದಯವಿಟ್ಟು ಹೇಳಿ.

ಜಿಮ್ಯಾಟ್ ಬರೆದವರೊಬ್ಬರು:

ಫೀಸು ಕಟ್ಟುವ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನೀವು ಬರೆಯುವುದು ಯಾವ ಪರೀಕ್ಷೆ? ಜಿಮ್ಯಾಟ್ ಆದರೆ ಅದರಲ್ಲಿ ಈಗ ಪ್ರಬಂಧವೇ ಇಲ್ಲ.

1994ರಲ್ಲಿ ಪ್ರಬಂಧದ ಭಾಗ ಸೇರಿದಾಗ ಎರಡು ಬರೆಯಬೇಕಿತ್ತು: ಒಂದರಲ್ಲಿ ನಿಮ್ಮ ಅಭಿಪ್ರಾಯ, ಇನ್ನೊಂದರಲ್ಲಿ ಬೇರೆಯವರ ವಾದದ ವಿಮರ್ಶೆ. 2012ರ ಜೂನ್‌ನಲ್ಲಿ ಅಭಿಪ್ರಾಯದ ಪ್ರಬಂಧ ಹೋಯಿತು, ವಾದದ್ದು ಉಳಿಯಿತು. 2023ರ ನವೆಂಬರ್‌ನಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಅದೂ ಇಲ್ಲ. ಗಣಿತ, ಭಾಷೆ, ದತ್ತಾಂಶ, ಮೂರೇ ಭಾಗ, ತಲಾ 45 ನಿಮಿಷ. ಹಳೆಯ ಆವೃತ್ತಿ 2024ರ ಜನವರಿ ಕೊನೆಗೆ ಮುಗಿಯಿತು.

ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ನನ್ನ ಗೆಳೆಯ ಹಳೆಯ ಪುಸ್ತಕ ಇಟ್ಟುಕೊಂಡು ಒಂದೂವರೆ ತಿಂಗಳು ವಾದದ ಪ್ರಬಂಧ ಬರೆದ. ಅವನ ಟ್ಯೂಟರೂ ಏನೂ ಹೇಳಲಿಲ್ಲ. ಪರೀಕ್ಷೆಗೆ ಹೆಸರು ಕೊಡುವ ದಿನ ಗೊತ್ತಾಯಿತು. (ಅವನ ಶ್ರಮ ಪೂರ್ತಿ ನೀರುಪಾಲಾಗಲಿಲ್ಲ. ವಾದದಲ್ಲಿ ಸಡಿಲ ಜಾಗ ಹುಡುಕುವ ಪ್ರಶ್ನೆಗಳು ಭಾಷೆಯ ಭಾಗದಲ್ಲಿ ಈಗಲೂ ಬರುತ್ತವೆ.)

ಜಿಆರ್‌ಇ ಆದರೆ ಪ್ರಬಂಧ ಇದೆ. ಬಿಸಿನೆಸ್ ಸ್ಕೂಲುಗಳಲ್ಲಿ ಬಹಳಷ್ಟು ಅದನ್ನೂ ಒಪ್ಪುತ್ತವೆ. 2023ರ ಸೆಪ್ಟೆಂಬರ್‌ನಿಂದ ಅಲ್ಲೂ ಎರಡರ ಬದಲು ಒಂದೇ ಪ್ರಬಂಧ: ಒಂದು ಹೇಳಿಕೆ, 30 ನಿಮಿಷ, ಅದರ ಬಗ್ಗೆ ನಿಮ್ಮ ನಿಲುವು. ಪರೀಕ್ಷೆ ಶುರುವಾಗುವುದೇ ಅದರಿಂದ. ನಿಮ್ಮ ಟ್ಯೂಟರ್ ಇನ್ನೂ ಎರಡು ಪ್ರಬಂಧದ ಪಾಠ ಹೇಳುತ್ತಿದ್ದರೆ ಅವರ ನೋಟ್ಸು ಹಳತು ಅಂತ ಅರ್ಥ.

ಟೆಂಪ್ಲೇಟ್ ನಂಬಿದ್ದವರು:

ಆ ಟೆಂಪ್ಲೇಟ್ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನೂ ಅಂಥದ್ದೇ ಕ್ಲಾಸಿಗೆ ಹೋಗಿದ್ದೆ. ಮೊದಲ ಪ್ಯಾರಾ, ಕೊನೆಯ ಪ್ಯಾರಾ ಎರಡೂ ಬಾಯಿಪಾಠ. ನಡುವೆ ಮೂರು ಪ್ಯಾರಾಗಳ ಮೊದಲ ಸಾಲುಗಳೂ ಸಿದ್ಧ. ಪ್ರಶ್ನೆಯಲ್ಲಿರುವ ಎರಡು ಮೂರು ಪದ ತಂದು ಖಾಲಿ ಜಾಗಕ್ಕೆ ಕೂರಿಸುವುದಷ್ಟೇ ನಮ್ಮ ಕೆಲಸ. ಅಭ್ಯಾಸದಲ್ಲಿ ಪುಟ ತುಂಬುತ್ತಿತ್ತು, ಖುಷಿಯಾಗುತ್ತಿತ್ತು.

ಪರೀಕ್ಷೆಯ ದಿನ ಬಂದ ಸೂಚನೆ ಬೇರೆ. ಜಿಆರ್‌ಇಯಲ್ಲಿ ಹೇಳಿಕೆಯ ಕೆಳಗಿನ ಸೂಚನೆ ಎಲ್ಲ ಸಲ ಒಂದೇ ಥರ ಇರುವುದಿಲ್ಲ. ಒಮ್ಮೆ ‘ಈ ಹೇಳಿಕೆ ಯಾವಾಗ ನಿಜವಾಗುತ್ತದೆ, ಯಾವಾಗ ಆಗುವುದಿಲ್ಲ ಯೋಚಿಸಿ’ ಎನ್ನುತ್ತದೆ. ಇನ್ನೊಮ್ಮೆ ‘ಈ ನೀತಿ ಜಾರಿಗೆ ಬಂದರೆ ಪರಿಣಾಮ ಏನು’ ಎನ್ನುತ್ತದೆ. ಮತ್ತೊಮ್ಮೆ ಎರಡು ಅಭಿಪ್ರಾಯ ಕೊಟ್ಟು ಯಾವುದು ನಿಮಗೆ ಹತ್ತಿರ ಅಂತ ಕೇಳುತ್ತದೆ. ನನಗೆ ಬಂದದ್ದು ಪರಿಣಾಮ ಕೇಳುವ ಸೂಚನೆ. ನನ್ನ ಕೈ ತನ್ನಷ್ಟಕ್ಕೆ ‘ಒಪ್ಪುತ್ತೇನೆ, ಏಕೆಂದರೆ’ ಎಂದು ಬರೆಯುತ್ತಾ ಹೋಯಿತು. ಅಂಕ 3 ಬಂತು. 0ಯಿಂದ 6ರವರೆಗೆ ಅರ್ಧರ್ಧ ಅಂಕದ ಮೆಟ್ಟಿಲಲ್ಲಿ ಕೊಡುತ್ತಾರೆ.

ಇನ್ನೊಂದು ಅಪಾಯ ಆ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಪರೀಕ್ಷೆ ನಡೆಸುವವರು ಪ್ರಬಂಧಗಳ ನಡುವಿನ ಹೋಲಿಕೆ ಹಿಡಿಯುವ ಸಾಫ್ಟ್‌ವೇರ್ ಬಳಸುತ್ತಾರೆ. ಬೇರೆಯವರ ಬರವಣಿಗೆಗೆ ತೀರಾ ಹೋಲುತ್ತದೆ ಅನ್ನಿಸಿದರೆ ಅಂಕಗಳನ್ನೇ ರದ್ದು ಮಾಡುವ ಹಕ್ಕು ಅವರಿಗಿದೆ. ಒಂದೇ ಕ್ಲಾಸಿನ ಅಷ್ಟೂ ಜನ ಒಂದೇ ಪೀಠಿಕೆ ಬರೆದರೆ ಏನಾಗಬಹುದು ಯೋಚಿಸಿ.

ಪ್ರಬಂಧ ತಿದ್ದುವ ಕೆಲಸ ಮಾಡಿದವರು:

ನಾನು ಹಲವು ವರ್ಷ ಇದೇ ಪ್ರಬಂಧಗಳನ್ನು ತಿದ್ದಿಕೊಟ್ಟವಳು. ಟ್ಯೂಷನ್ ಬೇಡ ಅನ್ನುವುದಿಲ್ಲ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಅನ್ನುವುದು ಮುಖ್ಯ. ಪಾಠ ಕೇಳುವುದಕ್ಕೆ ಕೊಡಬೇಡಿ. ಏನೇನು ನೋಡಿ ಅಂಕ ಕೊಡುತ್ತಾರೆ ಅನ್ನುವ ವಿವರ, ಪ್ರತಿ ಅಂಕಕ್ಕೂ ಮಾದರಿ ಪ್ರಬಂಧ, ಪರೀಕ್ಷೆಗೆ ಬರುವ ಹೇಳಿಕೆಗಳ ಪೂರ್ತಿ ಪಟ್ಟಿ, ಇಷ್ಟನ್ನೂ ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆ ತನ್ನ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ನೀವು ಬರೆದದ್ದನ್ನು ಸಾಲು ಸಾಲಾಗಿ ಓದಿ ‘ಇದು ನಿಮಗೆ ಹೇಗೆ ಗೊತ್ತು?’ ಅಂತ ಕೇಳುವ ಒಬ್ಬರಿಗೆ ಕೊಡಿ. ಆ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದು ಮೊದಮೊದಲು ಬಹಳ ಕಷ್ಟ.

ಒಂದು ಉದಾಹರಣೆ ಕೊಡುತ್ತೇನೆ. ಅಭ್ಯಾಸಕ್ಕೆ ನಾನೇ ಬರೆದುಕೊಟ್ಟ ಹೇಳಿಕೆ ಇದು: ‘ಸಂಸ್ಥೆಯ ದೊಡ್ಡ ಬದಲಾವಣೆಗಳನ್ನು ಹೊರಗಿನಿಂದ ಬಂದವರೇ ಚೆನ್ನಾಗಿ ಮಾಡಬಲ್ಲರು.’ ಗೋದಾಮಿನ ಉಸ್ತುವಾರಿ ನೋಡುತ್ತಿದ್ದ ಒಬ್ಬರು ಹೀಗೆ ಬರೆದರು: ‘ಹೊರಗಿನವರಿಗೆ ಹೊಸ ದೃಷ್ಟಿ ಇರುತ್ತದೆ. ಹೊಸ ದೃಷ್ಟಿಯಿಂದ ಒಳ್ಳೆಯ ನಿರ್ಧಾರ ಸಾಧ್ಯ. ಇತಿಹಾಸದಲ್ಲಿ ಇದಕ್ಕೆ ಅನೇಕ ನಿದರ್ಶನಗಳಿವೆ.’ ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ನಾನು ‘ಅನೇಕ ನಿದರ್ಶನಗಳಿವೆ’ ಅನ್ನುವುದರ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಒಂದು ಹೇಳಿ’ ಅಂತ ಬರೆದೆ.

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ತಮ್ಮ ಗೋದಾಮಿನ ಕತೆ ಹೇಳಿದರು. ಹೊಸದಾಗಿ ಬಂದ ಮ್ಯಾನೇಜರ್ ಎಲ್ಲ ಸಾಮಾನನ್ನೂ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದರಂತೆ. ನೋಡಲು ಅಚ್ಚುಕಟ್ಟು. ಆದರೆ ಹಳಬರು ಹೆಚ್ಚು ಖರ್ಚಾಗುವ ಸಾಮಾನನ್ನು ಬೇಕೆಂದೇ ಬಾಗಿಲ ಹತ್ತಿರ ಇಟ್ಟಿದ್ದರು. ಈಗ ಅದು ಹಿಂದಿನ ಸಾಲಿಗೆ ಹೋಯಿತು, ಲಾರಿ ತುಂಬುವುದು ತಡವಾಗತೊಡಗಿತು, ಎರಡು ವಾರಕ್ಕೆ ಎಲ್ಲ ಮೊದಲಿನ ಹಾಗೆ ಆಯಿತು. ಆದರೆ ಅದೇ ಮ್ಯಾನೇಜರ್ ಇನ್ನೊಂದನ್ನು ಹಿಡಿದರು. ಹಳಬರು ಒಂದೇ ಲೆಕ್ಕವನ್ನು ಎರಡು ರಿಜಿಸ್ಟರುಗಳಲ್ಲಿ ಬರೆಯುತ್ತಿದ್ದರು. ವರ್ಷಗಟ್ಟಲೆ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಒಂದನ್ನು ನಿಲ್ಲಿಸಿದರು, ಯಾರಿಗೂ ಏನೂ ತೊಂದರೆಯಾಗಲಿಲ್ಲ.

‘ನಿಮ್ಮ ಪ್ರಬಂಧ ಇದೇ’ ಅಂದೆ. ಅಲ್ಲೇ ಕೂತು ಹೊಸ ನಿಲುವು ಬರೆದರು: ‘ತಪ್ಪು ಹೊರಗಿನವರ ಕಣ್ಣಿಗೆ ಬೇಗ ಬೀಳುತ್ತದೆ. ಆದರೆ ತಪ್ಪಿನ ಹಾಗೆ ಕಾಣುವುದರಲ್ಲಿ ಯಾವುದಕ್ಕೆ ಕಾರಣ ಇದೆ ಅನ್ನುವುದು ಒಳಗಿನವರಿಗೇ ಗೊತ್ತು. ಆದ್ದರಿಂದ ಹುಡುಕುವ ಕೆಲಸ ಹೊರಗಿನವರಿಗೆ, ಬದಲಿಸುವ ಮುಂಚಿನ ವಿಚಾರಣೆ ಒಳಗಿನವರ ಜೊತೆ.’ ಮೂರು ಸಾಲಿನಲ್ಲಿ ಹೇಳಿಕೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎರಡೂ ಬಂತು. ಉದಾಹರಣೆ ದೊಡ್ಡವರ ಜೀವನಚರಿತ್ರೆಯಿಂದಲೇ ಬರಬೇಕು ಅಂತ ಎಲ್ಲೂ ನಿಯಮ ಇಲ್ಲ. ನೀವು ಕಂಡದ್ದು, ಅನುಭವಿಸಿದ್ದು, ಓದಿದ್ದು ಎಲ್ಲವೂ ನಡೆಯುತ್ತದೆ. ಆರು ವರ್ಷ ಕೆಲಸ ಮಾಡಿದ ನಿಮ್ಮ ಹತ್ತಿರ ಇಂಥ ಕತೆಗಳು ಹತ್ತಾದರೂ ಇರುತ್ತವೆ.

ಇಂಗ್ಲಿಷ್ ಬಗ್ಗೆ ಅಂಜಿಕೆ ಇದ್ದರೆ ಅದನ್ನೂ ಬಿಡಿ. ಸಣ್ಣಪುಟ್ಟ ತಪ್ಪಿದ್ದರೂ 6 ಸಿಗಬಹುದು ಅಂತ ಅಂಕದ ವಿವರಣೆಯಲ್ಲೇ ಇದೆ. ತರಬೇತಿ ಪಡೆದ ಒಬ್ಬರು ಓದುತ್ತಾರೆ, ಒಂದು ಕಂಪ್ಯೂಟರ್ ಪ್ರೋಗ್ರಾಂ ಕೂಡ ಓದುತ್ತದೆ. ಇಬ್ಬರ ಅಂಕ ಹತ್ತಿರವಿದ್ದರೆ ಸರಾಸರಿ, ಇಲ್ಲದಿದ್ದರೆ ಇನ್ನೊಬ್ಬರು ಓದುತ್ತಾರೆ. ಭಾರೀ ಪದಗಳನ್ನು ಹುಡುಕುತ್ತಾ ಕೂತು ವಿಚಾರವನ್ನೇ ಕಳೆದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ, ನೋಡಿದಾಗಲೆಲ್ಲ ಬೇಸರವಾಗುತ್ತದೆ.

ಇನ್ನು ನಿಮ್ಮ ಟ್ಯೂಟರ್ ವಿಷಯ. ಸೇರುವ ಮುಂಚೆ, ಟೈಮರ್ ಇಟ್ಟು ಬರೆದ ಒಂದು ಪ್ರಬಂಧ ಅವರಿಗೆ ಕಳಿಸಿ, ಅದೊಂದಕ್ಕೆ ಮಾತ್ರ ಫೀಸು ಕೊಡುತ್ತೇನೆ ಅನ್ನಿ. ವಾಪಸ್ ಬಂದದ್ದರಲ್ಲಿ ಕಾಮಾ, ಸ್ಪೆಲಿಂಗ್ ಮಾತ್ರ ತಿದ್ದಿದ್ದರೆ ಬೇಡ. ಪೂರ್ತಿ ತಮ್ಮ ಚಂದದ ಇಂಗ್ಲಿಷಿನಲ್ಲಿ ಮತ್ತೆ ಬರೆದು ಕಳಿಸಿದ್ದರೆ ಖಂಡಿತ ಬೇಡ, ಪರೀಕ್ಷೆಯ ದಿನ ಅವರು ಪಕ್ಕದಲ್ಲಿ ಕೂರುವುದಿಲ್ಲ. ಅಂಚಿನಲ್ಲಿ ಎರಡು ಮೂರು ಪ್ರಶ್ನೆ ಇದ್ದು, ಉತ್ತರ ಹೇಳಲು ಹೋದಾಗ ನಿಮಗೇ ಹೊಸ ವಿಚಾರ ಹೊಳೆದರೆ ಅವರನ್ನು ಬಿಡಬೇಡಿ. ಅಂಥವರ ಜೊತೆ ನಾಲ್ಕು ಸಲ ಕೂತರೆ ಸಾಕು, ಎಂಟು ಬೇಕಿಲ್ಲ. ಎರಡು ಸಲದ ನಡುವೆ ನೀವು ಬರೆದಿರಬೇಕು, ಅಷ್ಟೇ.

ಟ್ಯೂಟರ್ ಇಲ್ಲದೆ ಬರೆದವರು:

ಮೇಲಿನ ಮೇಡಂ ಹೇಳಿದ ಓದುಗ ನನಗೆ ಸಿಕ್ಕಿದ್ದು ಸಹೋದ್ಯೋಗಿಯಲ್ಲಿ. ಅವರೂ ಪರೀಕ್ಷೆಗೆ ಓದುತ್ತಿದ್ದರು. ವಾರಕ್ಕೆ ಎರಡು ದಿನ ಒಂದೇ ಹೇಳಿಕೆಗೆ ಇಬ್ಬರೂ ಬರೆದು ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ನಿಯಮ ಒಂದೇ: ಹೊಗಳುವಂತಿಲ್ಲ, ತಿದ್ದುವಂತಿಲ್ಲ, ಕೇಳಬೇಕು. ಐದು ನಿಮಿಷ ಯೋಚನೆ, ಇಪ್ಪತ್ತು ನಿಮಿಷ ಬರವಣಿಗೆ, ಕೊನೆಯ ಐದು ನಿಮಿಷ ಓದು. ಆ ಮೊದಲ ಐದು ನಿಮಿಷ ಕೀಬೋರ್ಡ್ ಮುಟ್ಟದೆ ಇರುವುದು ಕಲಿಯಲು ನನಗೆ ಎರಡು ವಾರ ಹಿಡಿಯಿತು.

ಸ್ಪೆಲ್‌ಚೆಕ್ ಬಂದ್ ಮಾಡಿ ಅಭ್ಯಾಸ ಮಾಡಿ, ಪರೀಕ್ಷೆಯಲ್ಲಿ ಅದು ಇರುವುದಿಲ್ಲ. ಮತ್ತೆ, ಅರ್ಜಿಯ ಜೊತೆ ಕಾಲೇಜುಗಳು ಕೇಳುವ ‘ನಿಮ್ಮ ಬಗ್ಗೆ ಬರೆಯಿರಿ’ ಪ್ರಬಂಧಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದಕ್ಕೆ ಟ್ಯೂಟರ್ ಹುಡುಕುವುದಾದರೆ ಬೇರೆಯೇ ಹುಡುಕಿ.

ಕೇಳಿದವರು ಮತ್ತೆ:

ಎಲ್ಲರಿಗೂ ಕೃತಜ್ಞತೆ. ನಾನು ಬರೆಯುವುದು ಜಿಆರ್‌ಇ. ಒಂದು ಪ್ರಬಂಧ ತಿದ್ದಿಕೊಡಿ ಅಂದಾಗ ಆ ಟ್ಯೂಟರ್ ‘ಪ್ಯಾಕೇಜ್ ಮಾತ್ರ’ ಅಂದರು, ಬಿಟ್ಟೆ. ಇವತ್ತು ಬೆಳಿಗ್ಗೆ ಪಟ್ಟಿಯಿಂದ ಒಂದು ಹೇಳಿಕೆ ಆರಿಸಿ ಕೂತೆ, ಸ್ಪರ್ಧೆಯ ಬಗ್ಗೆ. ಐದು ನಿಮಿಷ ಕೈ ಕಟ್ಟಿಕೊಂಡು ಯೋಚಿಸಿದೆ. ಮೊದಲ ವಾಕ್ಯ ಹೀಗೆ ಬಂತು: ‘ಸ್ಪರ್ಧೆ ಎಲ್ಲ ತಂಡಗಳನ್ನೂ ಚುರುಕುಗೊಳಿಸುತ್ತದೆ.’ ಮೇಡಂ, ಸಾಧ್ಯವಾದರೆ ನೋಡುತ್ತೀರಾ?

ಪ್ರಬಂಧ ತಿದ್ದುವ ಕೆಲಸ ಮಾಡಿದವರು:

ಖಂಡಿತ. ‘ಎಲ್ಲ’ ಅಂದಿದ್ದೀರಿ. ನಿಮ್ಮ ಆರು ವರ್ಷದಲ್ಲಿ ಸ್ಪರ್ಧೆಯಿಂದ ಒಡೆದುಹೋದ ತಂಡ ಒಂದಾದರೂ ಇತ್ತಾ? ಇದ್ದರೆ ಅಲ್ಲಿ ಏನಾಯಿತು ಅಂತ ನಾಲ್ಕು ಸಾಲು ಬರೆದು ಕಳಿಸಿ. ಆಮೇಲೆ ಮೊದಲ ವಾಕ್ಯಕ್ಕೆ ಮತ್ತೆ ಬರೋಣ.