ತಪ್ಪು ಯಂತ್ರದ್ದಾ, ಪ್ರೋಗ್ರಾಮಿನದ್ದಾ? ಮೇನ್‌ಫ್ರೇಮ್ ಲಾಗ್ ಓದುವ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ

ಮೇಡಂ, ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಪೂರ್ವ ಕರಾವಳಿಯ ಒಬ್ಬ ಗ್ರಾಹಕರ ಜೆಡ್/ಒಎಸ್ (ಐಬಿಎಂ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್) ನೋಡಿಕೊಳ್ಳುವ ತಂಡದಲ್ಲಿದ್ದೇನೆ. ಆಪರೇಷನ್ಸ್‌ನಿಂದ ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಕಡೆಗೆ ಈಗಷ್ಟೇ ಬಂದಿದ್ದೇನೆ. ಮೊನ್ನೆ ಅಲ್ಲಿನ ರಾತ್ರಿ ಬ್ಯಾಚ್ ಓಡುವಾಗ ಕನ್ಸೋಲಿನಲ್ಲಿ ಐಒಎಸ್050ಐ (ಚಾನೆಲ್ ಕಂಡ ಐ/ಒ ದೋಷ) ಮೆಸೇಜುಗಳು ಸಾಲುಗಟ್ಟಿ ಬಂದವು. ಅರ್ಧ ಗಂಟೆ ಆದ ಮೇಲೆ ಒಂದು ಜಾಬ್ 0ಸಿ4 ಅಬೆಂಡ್ ಆಯಿತು, ಅಂದರೆ ಮಧ್ಯದಲ್ಲೇ ಬಿತ್ತು. ದೋಷಗಳ ದಾಖಲೆ ಇಡುವ ಲಾಗ್‌ರೆಕ್ ತುಂಬುತ್ತಾ ಬಂದಿದೆ ಅಂತ ಐಎಫ್‌ಬಿ080ಇ ಕೂಡ ಬಂತು. ಡಿಸ್ಕ್ ಕೆಟ್ಟಿದೆ, ಅದರಿಂದಲೇ ಜಾಬ್ ಬಿತ್ತು ಅನ್ನುವುದು ನಮ್ಮವರ ವಾದ. ಸ್ಟೋರೇಜ್ ಟೀಮಿನವರು ಡಿಸ್ಕ್ ಸರಿಯಾಗಿಯೇ ಇದೆ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? ಲಾಗ್‌ರೆಕ್ ಕ್ಲಿಯರ್ ಮಾಡಿಬಿಡಲಾ?

ಉತ್ತರ

ದಯವಿಟ್ಟು ಕ್ಲಿಯರ್ ಮಾಡಬೇಡಿ. ಐಎಫ್‌ಸಿಡಿಐಪಿ00 ಓಡಿಸಿದರೆ ಲಾಗ್‌ರೆಕ್ ಡೇಟಾಸೆಟ್ ಹೊಸದಾಗಿ ಸಿದ್ಧವಾಗುತ್ತದೆ, ಒಳಗಿದ್ದ ರೆಕಾರ್ಡುಗಳೆಲ್ಲ ಹೋಗುತ್ತವೆ. ನಿಮ್ಮ ಸಾಕ್ಷಿ ಇರುವುದೇ ಅದರಲ್ಲಿ. ಅದರ ಬದಲು ಲಾಗ್‌ರೆಕ್ ಓದಿ ರಿಪೋರ್ಟ್ ಕೊಡುವ ಇರೆಪ್ ಓಡಿಸಿ. ಪ್ರೋಗ್ರಾಮಿನ ಹೆಸರು ಐಎಫ್‌ಸಿಇಆರ್‌ಇಪಿ1. ಸರ್‌ಲಾಗ್ ಡಿಡಿಗೆ (ಡಿಡಿ ಅಂದರೆ ಜಾಬಿನಲ್ಲಿ ಡೇಟಾಸೆಟ್ ಹೆಸರಿಸುವ ಸಾಲು) ಲಾಗ್‌ರೆಕ್ ಡೇಟಾಸೆಟ್ ಕೊಡಿ, ಅಕ್‌ಡೆವ್ ಡಿಡಿಗೆ ಹಿಸ್ಟರಿ ಡೇಟಾಸೆಟ್ ಕೊಡಿ. ಎಸಿಸಿ=ವೈ ಮತ್ತು ಜೀರೋ=ವೈ ಹಾಕಿದರೆ ರೆಕಾರ್ಡುಗಳು ಮೊದಲು ಹಿಸ್ಟರಿಗೆ ಕಾಪಿ ಆಗುತ್ತವೆ, ಆಮೇಲಷ್ಟೇ ಲಾಗ್‌ರೆಕ್ ಖಾಲಿಯಾಗುತ್ತದೆ. ಐಎಫ್‌ಬಿ080ಇಯನ್ನು ಹಾಗೇ ಬಿಟ್ಟರೆ ಮುಂದೆ ಐಎಫ್‌ಬಿ081ಐ ಬರುತ್ತದೆ. ಆಗ ಡೇಟಾಸೆಟ್ ಪೂರ್ತಿ ತುಂಬಿರುತ್ತದೆ, ಹೊಸ ದೋಷಗಳಿಗೆ ಅದರಲ್ಲಿ ಜಾಗ ಇರುವುದಿಲ್ಲ. ಹಾಗಾಗಿ ಈ ಕೆಲಸ ಇವತ್ತೇ ಮುಗಿಸಿ.

ನಿಮ್ಮಲ್ಲಿ ಲಾಗ್‌ರೆಕ್ ಡೇಟಾಸೆಟ್‌ನಲ್ಲಿ ಇಲ್ಲದೆ ಲಾಗ್‌ಸ್ಟ್ರೀಮ್‌ನಲ್ಲೂ (ಸಿಸ್ಟಮ್ ಲಾಗರ್ ಇಡುವ ದಾಖಲೆ) ಇರಬಹುದು. ಡಿ ಲಾಗ್‌ರೆಕ್ ಕಮಾಂಡ್ ಕೊಟ್ಟರೆ ಗೊತ್ತಾಗುತ್ತದೆ. ಲಾಗ್‌ಸ್ಟ್ರೀಮ್ ಆದರೆ ಇರೆಪ್‌ಗೆ ಅಕ್‌ಇನ್ ಡಿಡಿ ಮೂಲಕ ಕೊಡಬೇಕು, ಜೀರೋ=ವೈ ಅಲ್ಲಿಗೆ ಅನ್ವಯಿಸುವುದಿಲ್ಲ. ಆದರೆ ನಿಮಗೆ ಐಎಫ್‌ಬಿ080ಇ ಬಂದಿದೆ ಅಂದರೆ ಡೇಟಾಸೆಟ್ಟೇ.

ಕಾಪಿ ಆದ ಮೇಲೆ ಹಿಸ್ಟರಿಯಿಂದ ಮೊದಲು ಇವೆಂಟ್=ವೈ ರಿಪೋರ್ಟ್ ತೆಗೆಯಿರಿ. ಇದರಲ್ಲಿ ಒಂದೊಂದು ದೋಷಕ್ಕೂ ಒಂದೊಂದು ಸಾರಾಂಶ, ಸಮಯದ ಕ್ರಮದಲ್ಲಿ ಇರುತ್ತದೆ. ಹೊಸಬರು ಸಾಮಾನ್ಯವಾಗಿ ಜಾಸ್ತಿ ಸದ್ದು ಮಾಡಿದ ಮೆಸೇಜನ್ನು ಹಿಡಿದುಕೊಳ್ಳುತ್ತಾರೆ. ನೀವು ಮೊದಲು ಬಂದ ದೋಷವನ್ನು ಹುಡುಕಿ. ಅದಕ್ಕಿಂತ ಹಿಂದಿನ ಒಂದು ವಾರದ್ದನ್ನೂ ತೆಗೆಯಿರಿ. ಆ 0ಸಿ4 ಮುಂಚೆಯೂ ಬಂದಿತ್ತಾ, ಐ/ಒ ದೋಷ ಇಲ್ಲದ ದಿನವೂ ಬಂದಿತ್ತಾ ಅನ್ನುವುದು ಅರ್ಧ ಉತ್ತರ ಕೊಡುತ್ತದೆ.

ರಿಪೋರ್ಟ್ ಖಾಲಿ ಬಂದರೆ ಲಾಗ್‌ರೆಕ್‌ನಲ್ಲಿ ಏನೂ ಇಲ್ಲ ಅಂತ ತೀರ್ಮಾನಿಸಬೇಡಿ. ಟೂರಿಸ್ಟ್ ಅನ್ನುವ ಡಿಡಿ ಇದೆಯಲ್ಲ, ಇರೆಪ್ ತನ್ನ ಮೆಸೇಜುಗಳನ್ನು ಅಲ್ಲಿ ಬರೆಯುತ್ತದೆ. ಬಹಳ ಸಲ ದಿನಾಂಕದ ಆಯ್ಕೆಯೇ ತಪ್ಪಿರುತ್ತದೆ.

ಸಮಯದ ಬಗ್ಗೆ ಇನ್ನೊಂದು ಮಾತು. ಇರೆಪ್ ದಿನವನ್ನು ವರ್ಷದ ಎಷ್ಟನೇ ದಿನ ಅಂತ ತೋರಿಸುತ್ತದೆ. ಮಾರ್ಚ್ 14 ಅಂದರೆ ಸಾಮಾನ್ಯ ವರ್ಷದಲ್ಲಿ 073. ಸಿಸ್‌ಲಾಗ್‌ನಲ್ಲಿ (ಕನ್ಸೋಲ್ ಮೆಸೇಜುಗಳ ದಾಖಲೆ) ಇರುವುದು ಗ್ರಾಹಕರ ಸ್ಥಳೀಯ ಸಮಯ. ಡಂಪಿನ (ಬಿದ್ದ ಕ್ಷಣದ ಮೆಮೊರಿಯ ಪ್ರತಿ) ಒಳಗಿನ ಟಿಒಡಿ, ಅಂದರೆ ಯಂತ್ರದ ಗಡಿಯಾರ, ಯುಟಿಸಿ ಲೆಕ್ಕದ್ದು. ನಿಮ್ಮ ಟಿಕೆಟ್ಟಿನಲ್ಲಿ ಇರುವುದು ನಮ್ಮ ಸಮಯ. ಅಮೆರಿಕದ ಪೂರ್ವ ಭಾಗಕ್ಕೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ 11 ಗಂಟೆಗೆ ಆದದ್ದು ನಮಗೆ ಮರುದಿನ ಬೆಳಿಗ್ಗೆ. ದಿನವೇ ಬದಲಾಗಿಬಿಡುತ್ತದೆ. ಒಂದು ಹಾಳೆಯಲ್ಲಿ ಎಲ್ಲವನ್ನೂ ಗ್ರಾಹಕರ ಸಮಯಕ್ಕೆ ತಂದು ಬರೆದುಕೊಳ್ಳಿ. ಅದಾದ ಮೇಲೆ ಯಾವುದು ಯಾವುದಕ್ಕೆ ಕಾರಣ ಅಂತ ಮಾತಾಡೋಣ.

ಕೇಳಿದವರು

ಮಾಡಿದೆ ಮೇಡಂ. ಐ/ಒ ದೋಷಗಳಲ್ಲಿ ಡಿವೈಸ್ ನಂಬರುಗಳು ಬೇರೆ ಬೇರೆ. ಎರಡು ಬೇರೆ ಕಂಟ್ರೋಲ್ ಯೂನಿಟ್‌ಗಳ (ಡಿಸ್ಕುಗಳನ್ನು ನಡೆಸುವ ಘಟಕ) ಡಿವೈಸ್‌ಗಳಿವೆ. ಆದರೆ ಎಲ್ಲದರಲ್ಲೂ ಚಿಪಿಡ್ (ಚಾನೆಲ್ ದಾರಿಯ ನಂಬರ್) 4ಎ ಅಂತಲೇ ಇದೆ. ದೋಷದ ಬಗೆ ಇಂಟರ್‌ಫೇಸ್ ಕಂಟ್ರೋಲ್ ಚೆಕ್. 0ಸಿ4 ಮಾತ್ರ ಹೋದ ವಾರವೂ ಒಮ್ಮೆ ಬಂದಿದೆ. ಆ ದಿನ ಒಂದೂ ಐ/ಒ ದೋಷ ಇಲ್ಲ.

ಉತ್ತರ

ಹಾಗಾದರೆ ನಿಮ್ಮ ಮುಂದೆ ಇರುವುದು ಒಂದು ಸಮಸ್ಯೆ ಅಲ್ಲ, ಎರಡು. ಒಂದೊಂದಾಗಿ ನೋಡೋಣ.

ಐ/ಒ ದೋಷಕ್ಕೆ ನಾನು ಯಾವಾಗಲೂ ಕೇಳುವುದು ಒಂದೇ: ಈ ರೆಕಾರ್ಡುಗಳಲ್ಲಿ ಬದಲಾಗದೆ ಉಳಿದದ್ದು ಯಾವುದು? ಒಂದೇ ಡಿವೈಸ್, ಎಲ್ಲ ದಾರಿಗಳಿಂದಲೂ ದೋಷ ಅಂದರೆ ಡಿವೈಸ್ ಕಡೆ ನೋಡಬೇಕು. ಒಂದೇ ಕಂಟ್ರೋಲ್ ಯೂನಿಟ್ಟಿನ ಎಲ್ಲ ಡಿವೈಸ್‌ಗಳು, ಬೇರೆ ಬೇರೆ ಚಿಪಿಡ್ ಅಂದರೆ ಕಂಟ್ರೋಲ್ ಯೂನಿಟ್. ಬೇರೆ ಬೇರೆ ಕಂಟ್ರೋಲ್ ಯೂನಿಟ್, ಆದರೆ ಚಿಪಿಡ್ ಒಂದೇ ಅಂದರೆ ಆ ಚಾನೆಲ್, ಅದರ ಫೈಬರ್, ಅದು ಹೋಗಿ ಸೇರುವ ಸ್ವಿಚ್ಚಿನ ಪೋರ್ಟ್. ಇಡೀ ಬೀದಿಗೆ ಕರೆಂಟ್ ಹೋದಾಗ ಯಾರೂ ಮನೆಯ ಫ್ಯೂಸ್ ಬಿಚ್ಚುವುದಿಲ್ಲ, ಟ್ರಾನ್ಸ್‌ಫಾರ್ಮರ್ ಕಡೆ ನೋಡುತ್ತಾರೆ, ಅಲ್ವಾ? ನಿಮ್ಮದು ಅದೇ ಪರಿಸ್ಥಿತಿ. ಸ್ಟೋರೇಜ್ ಟೀಮಿನವರು ಹೇಳಿದ್ದು ನಿಜ, ಡಿಸ್ಕಿನ ಮೇಲೆ ಅನುಮಾನ ಪಡಲು ಇಲ್ಲಿ ಕಾರಣ ಇಲ್ಲ.

ಫೈಕಾನ್ (ಮೇನ್‌ಫ್ರೇಮಿನ ಫೈಬರ್ ಚಾನೆಲ್) ಲಿಂಕಿನಲ್ಲಿ ಇಂಥ ದೋಷಕ್ಕೆ ಬಹಳ ಸಾಮಾನ್ಯ ಕಾರಣ ಫೈಬರ್ ಕನೆಕ್ಟರಿನ ತುದಿಯಲ್ಲಿ ಕೂತ ಧೂಳು, ಇಲ್ಲವೇ ಜಾಸ್ತಿ ಬಗ್ಗಿದ ಕೇಬಲ್. ಬೆಳಕು ಕಡಿಮೆಯಾಗಿ ಬಿಟ್ಟುಬಿಟ್ಟು ದೋಷ ಬರುತ್ತದೆ. ಡಿ ಎಂ=ಸಿಎಚ್‌ಪಿ ಕೊಟ್ಟು ಸ್ಥಿತಿ ನೋಡಿ. ಡಿ ಎಂ=ಡೆವ್ ಕೊಟ್ಟು ಆ ಡಿವೈಸ್‌ಗಳಿಗೆ ಉಳಿದ ದಾರಿಗಳು ಆನ್‌ಲೈನ್ ಇವೆಯಾ ಅಂತ ಖಚಿತ ಮಾಡಿಕೊಳ್ಳಿ. ಒಂದು ಡಿವೈಸ್‌ಗೆ 8 ದಾರಿಗಳವರೆಗೆ ಇರಬಹುದು. ಅದಕ್ಕೇ ಇಷ್ಟೆಲ್ಲ ದೋಷ ಬಂದರೂ ಬ್ಯಾಚ್ ನಿಲ್ಲಲಿಲ್ಲ. ಸಿಸ್ಟಮ್ ಬೇರೆ ದಾರಿಯಲ್ಲಿ ಮತ್ತೆ ಪ್ರಯತ್ನಿಸಿ ಕೆಲಸ ಮುಗಿಸಿತು. ಉಳಿದ ದಾರಿಗಳು ಸರಿ ಇದ್ದರೆ 4ಎ ಅನ್ನು ಆಫ್‌ಲೈನ್ ಮಾಡಿ ಹಾರ್ಡ್‌ವೇರ್ ಟೀಮಿಗೆ ಒಪ್ಪಿಸಿ. ರಿಪೋರ್ಟಿನ ಪ್ರತಿಯೂ ಜೊತೆಗೆ ಹೋಗಲಿ. ಬರೀ "ಐ/ಒ ಎರರ್ ಬರುತ್ತಿದೆ" ಅಂತ ಟಿಕೆಟ್ ಹಾಕಿದರೆ ಅದು ಮೂರು ಟೀಮ್ ಸುತ್ತಿ ನಿಮ್ಮ ಬಳಿಗೇ ವಾಪಸ್ ಬರುತ್ತದೆ.

ಇನ್ನು 0ಸಿ4. ಸರಿಪಡಿಸಲಾಗದ ಐ/ಒ ದೋಷದಿಂದ ಬ್ಯಾಚ್ ಜಾಬ್ ಬಿದ್ದರೆ ಸಾಮಾನ್ಯವಾಗಿ ಕಾಣುವುದು 001 ಅಬೆಂಡ್, ಜೊತೆಗೆ ಐಇಸಿ020ಐ ಮೆಸೇಜ್. 0ಸಿ4 ಅಂದರೆ ಪ್ರೋಗ್ರಾಂ ತನಗೆ ಸೇರದ, ಅಥವಾ ಇಲ್ಲವೇ ಇಲ್ಲದ ಮೆಮೊರಿ ವಿಳಾಸಕ್ಕೆ ಕೈ ಹಾಕಿದೆ. ಐ/ಒ ದೋಷ ಇಲ್ಲದ ದಿನವೂ ಬಂದಿದೆ ಅಂದ ಮೇಲೆ ಅರ್ಧ ಗಂಟೆಯ ಹೊಂದಿಕೆ ಆಕಸ್ಮಿಕ ಅಂತಲೇ ನಾನು ಹೇಳುತ್ತೇನೆ. ಇರೆಪ್‌ನಲ್ಲಿ ಟೈಪ್=ಎಸ್ ಹಾಕಿ ಸಾಫ್ಟ್‌ವೇರ್ ರೆಕಾರ್ಡಿನ ವಿವರ ತೆಗೆಯಿರಿ. ಎರಡೂ ದಿನದ ರೀಸನ್ ಕೋಡ್, ಮಾಡ್ಯೂಲ್, ಆಫ್‌ಸೆಟ್ (ಮಾಡ್ಯೂಲಿನ ಶುರುವಿನಿಂದ ಬಿದ್ದ ಜಾಗ ಎಷ್ಟು ದೂರ), ರಿಜಿಸ್ಟರುಗಳನ್ನು ಪಕ್ಕಪಕ್ಕ ಇಟ್ಟು ಇಲ್ಲಿ ಬರೆಯಿರಿ.

ಕೇಳಿದವರು

ಎರಡೂ ದಿನ ಒಂದೇ ಮಾಡ್ಯೂಲ್, ಒಂದೇ ಆಫ್‌ಸೆಟ್. ಗ್ರಾಹಕರದೇ ಅಸೆಂಬ್ಲರ್ ಪ್ರೋಗ್ರಾಂ, ಎಪಿಎಫ್ ಅನುಮತಿ (ಸಿಸ್ಟಮ್ ಮಟ್ಟದ ಅಧಿಕಾರ) ಇರುವಂಥದ್ದು. ರೀಸನ್ ಕೋಡ್ 10. ರಿಜಿಸ್ಟರ್ 5ರಲ್ಲಿ 40404040 ಇದೆ. ಸಿಪಿಯು ನಂಬರ್ ಎರಡು ದಿನಕ್ಕೂ ಬೇರೆ.

ಉತ್ತರ

ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ. ಬೇರೆ ಬೇರೆ ಸಿಪಿಯು, ಅದೇ ಮಾಡ್ಯೂಲ್, ಅದೇ ಆಫ್‌ಸೆಟ್. ಇದು ಸಾಫ್ಟ್‌ವೇರ್. ಸಂಬಂಧವೇ ಇಲ್ಲದ ಬೇರೆ ಬೇರೆ ಮಾಡ್ಯೂಲುಗಳು ಒಂದೇ ಸಿಪಿಯು ಮೇಲೆ ಬೀಳುತ್ತಿದ್ದರೆ ಮಾತ್ರ ನಾನು ಯಂತ್ರದ ಕಡೆ ತಿರುಗಿ ನೋಡುತ್ತಿದ್ದೆ.

ಆ 40404040 ನೋಡಿ. ಮೇನ್‌ಫ್ರೇಮಿನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ 40 ಅಂದರೆ ಖಾಲಿ ಜಾಗ, ಸ್ಪೇಸ್. ರಿಜಿಸ್ಟರ್ 5ರಲ್ಲಿ ವಿಳಾಸ ಇರಬೇಕಿತ್ತು, ನಾಲ್ಕು ಸ್ಪೇಸ್ ಕೂತಿವೆ. ಯಾರೋ ಒಂದು ಫೀಲ್ಡಿಗೆ ಸ್ಪೇಸ್ ತುಂಬಿಸುವಾಗ ಉದ್ದ ಜಾಸ್ತಿ ಕೊಟ್ಟು, ಪಕ್ಕದಲ್ಲಿದ್ದ ಪಾಯಿಂಟರಿನ ಮೇಲೂ ಬರೆದಿದ್ದಾರೆ. ನಮ್ಮಲ್ಲಿ ಇದನ್ನೇ ಓವರ್‌ಲೇ ಅನ್ನುತ್ತೇವೆ. ಪ್ರೋಗ್ರಾಂ ಆಮೇಲೆ ಆ ಪಾಯಿಂಟರನ್ನು ರಿಜಿಸ್ಟರಿಗೆ ತಂದುಕೊಂಡು ಬಳಸಿತು. ಆ ವಿಳಾಸಕ್ಕೆ ಮೆಮೊರಿಯೇ ಹಂಚಿರಲಿಲ್ಲ, ಅದಕ್ಕೇ ರೀಸನ್ ಕೋಡ್ 10, ಸೆಗ್ಮೆಂಟ್ ಟ್ರಾನ್ಸ್‌ಲೇಷನ್. ರಿಜಿಸ್ಟರಿನಲ್ಲಿ ವಿಳಾಸದ ಹಾಗೆ ಕಾಣದ ಏನೇ ಇದ್ದರೂ ಒಮ್ಮೆ ಅಕ್ಷರವಾಗಿ ಓದಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಡಿ1ಡಿ6ಸಿ2ಎಫ್1 ಅಂತ ಕಂಡರೆ ಅದು ಜೆ, ಒ, ಬಿ, 1. ಯಾವ ಫೀಲ್ಡಿನ ಪಠ್ಯ ಬಂದು ಬಿದ್ದಿದೆ ಅಂತ ಅದೇ ಹೇಳುತ್ತದೆ.

ಒಂದು ಎಚ್ಚರಿಕೆ. ಬಿದ್ದ ಜಾಗ ಆ ಆಫ್‌ಸೆಟ್, ಆದರೆ ತಪ್ಪು ಇರುವುದು ಅಲ್ಲೇ ಅಂತಲ್ಲ. ಸ್ಪೇಸ್ ತುಂಬಿದ ಇನ್‌ಸ್ಟ್ರಕ್ಷನ್ ಬಹಳ ಮುಂಚೆಯೇ ಓಡಿರುತ್ತದೆ. ಡಂಪ್ ಇದ್ದರೆ ಅದನ್ನು ಓದುವ ಸಾಧನವಾದ ಐಪಿಸಿಎಸ್‌ನಲ್ಲಿ ತೆರೆದು, ಹಾಳಾದ ಪಾಯಿಂಟರಿನ ಹಿಂದೆ ಮುಂದೆ ಎಷ್ಟು ಬೈಟ್ ಸ್ಪೇಸ್ ಇದೆ ನೋಡಿ. ಆ ಉದ್ದವನ್ನು ಹಿಡಿದು ಸೋರ್ಸಿನಲ್ಲಿ ಅಷ್ಟೇ ಉದ್ದದ ಮೂವ್ ಹುಡುಕಿ. ಸರಿಯಾದ ಡಂಪ್ ಯಾವುದು ಅಂತ ತಿಳಿಯಲು ಎರರ್ ಐಡಿ ನೋಡಬೇಕು. ಲಾಗ್‌ರೆಕ್ ರೆಕಾರ್ಡಿನಲ್ಲಿರುವ ಸೀಕ್ವೆನ್ಸ್ ನಂಬರೇ ಡಂಪ್ ಮುಗಿದಾಗ ಬರುವ ಐಇಎ611ಐ ಮೆಸೇಜಿನಲ್ಲೂ ಇರುತ್ತದೆ. ಡಂಪ್ ಇಲ್ಲದಿದ್ದರೆ ಮುಂದಿನ ಸಲಕ್ಕೆ ಸ್ಲಿಪ್ ಟ್ರ್ಯಾಪ್ ಇಡಿ, ಅದೇ ದೋಷ ಬಂದ ಕೂಡಲೇ ಡಂಪ್ ತೆಗೆಯುತ್ತದೆ. ಮೆಮೊರಿ ಬದಲಾದ ಕ್ಷಣವನ್ನೇ ಹಿಡಿಯುವ ಸ್ಲಿಪ್ ಕೂಡ ಇದೆ, ಆದರೆ ಅದು ಸಿಪಿಯು ತಿನ್ನುತ್ತದೆ. ಸೀನಿಯರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇಡಿ.

ಕೋಬಾಲ್ ಬರೆಯುವವರೊಬ್ಬರ ಪ್ರಶ್ನೆ

ನನ್ನ ಜಾಬ್ 0ಸಿ7 ಆಯಿತು. ಸಿಸ್ಟಮ್ಸ್ ಟೀಮಿನವರನ್ನು ಕೇಳಿದರೆ ಲಾಗ್‌ರೆಕ್‌ನಲ್ಲಿ ಏನೂ ಇಲ್ಲ ಅಂದರು. ಹಾಗಾಗಲು ಸಾಧ್ಯವಾ?

ಉತ್ತರ

ಸಾಧ್ಯ. ಲಾಗ್‌ರೆಕ್ ಇರುವುದು ಯಂತ್ರದ ಮತ್ತು ಸಿಸ್ಟಮ್ ಮಟ್ಟದ ದೋಷಗಳಿಗೆ. ಸಾಮಾನ್ಯ ಅಪ್ಲಿಕೇಷನ್ ಪ್ರೋಗ್ರಾಂ ಬಿದ್ದರೆ ಬಹುತೇಕ ಅಲ್ಲಿಗೆ ಬರುವುದಿಲ್ಲ. ನೀವು ನೋಡಬೇಕಾದದ್ದು ಜಾಬ್ ಲಾಗ್ ಮತ್ತು ಸಿಇಇಡಂಪ್ (ಕೋಬಾಲ್ ಪ್ರೋಗ್ರಾಂ ಬಿದ್ದಾಗ ಬರುವ ಡಂಪ್). 0ಸಿ7 ಅಂದರೆ ಪ್ಯಾಕ್ಡ್ ಡೆಸಿಮಲ್ ಅಂತ ಲೆಕ್ಕ ಮಾಡಲು ಹೋದ ಫೀಲ್ಡಿನಲ್ಲಿ ಅಂಕಿಯಲ್ಲದ್ದು ಇದೆ. ಕಾಂಪ್-3ರಲ್ಲಿ (ಕೋಬಾಲಿನ ಪ್ಯಾಕ್ಡ್ ಡೆಸಿಮಲ್) ಪ್ಲಸ್ 12345 ಇದ್ದರೆ ಹೆಕ್ಸ್‌ನಲ್ಲಿ 12345ಸಿ ಅಂತ ಕಾಣಬೇಕು. ಕೊನೆಯ ಅರ್ಧ ಬೈಟ್ ಚಿಹ್ನೆ. ಅಲ್ಲಿ 404040 ಕಂಡರೆ ಕೊನೆಯ ಸೊನ್ನೆ ಚಿಹ್ನೆಯೇ ಅಲ್ಲ, ಅದಕ್ಕೇ ಬಿತ್ತು. ಆಫ್‌ಸೆಟ್ ಹಿಡಿದು ಕಂಪೈಲ್ ಲಿಸ್ಟಿಂಗಿನಲ್ಲಿ ಸ್ಟೇಟ್‌ಮೆಂಟ್ ಹುಡುಕಿ. ಆಮೇಲೆ ಆ ಫೀಲ್ಡಿಗೆ ಬೆಲೆ ಎಲ್ಲಿಂದ ಬಂತು ನೋಡಿ. ಇನ್‌ಪುಟ್ ಫೈಲಿನಲ್ಲೇ ಕೆಟ್ಟ ರೆಕಾರ್ಡ್ ಇರಬಹುದು, ಅಥವಾ ಇಡೀ ಗ್ರೂಪಿಗೆ ಸ್ಪೇಸಸ್ ಮೂವ್ ಮಾಡಿರಬಹುದು.

ಟೇಪ್ ನೋಡಿಕೊಳ್ಳುವವರೊಬ್ಬರ ಪ್ರಶ್ನೆ

ಟೇಪ್ ದೋಷ ಬಂದಾಗ ಕಾರ್ಟ್ರಿಜ್ ಕೆಟ್ಟಿದೆಯಾ, ಡ್ರೈವ್ ಕೆಟ್ಟಿದೆಯಾ?

ಉತ್ತರ

ಅದೇ ಉಪಾಯ. ಒಂದೇ ವಾಲ್ಯೂಮ್ ಹಲವು ಡ್ರೈವಿನಲ್ಲಿ ದೋಷ ಕೊಟ್ಟರೆ ಕಾರ್ಟ್ರಿಜ್. ಒಂದೇ ಡ್ರೈವ್ ಹಲವು ವಾಲ್ಯೂಮಿನಲ್ಲಿ ದೋಷ ಕೊಟ್ಟರೆ ಡ್ರೈವ್, ಮೊದಲು ಹೆಡ್ ಕ್ಲೀನ್ ಮಾಡಿಸಿ. ತಾತ್ಕಾಲಿಕ ದೋಷಗಳ ಲೆಕ್ಕವನ್ನೂ ಬಿಡಬೇಡಿ, ಅವು ಏರುತ್ತಾ ಹೋದರೆ ಮುಂದೆ ತೊಂದರೆ ಇದೆ ಅಂತ. ಶಟ್‌ಡೌನ್ ಮಾಡುವ ಮೊದಲು ಜೆಡ್ ಇಒಡಿ ಕೊಡುವುದು ಕೂಡ ಇದಕ್ಕೇ. ಮೆಮೊರಿಯಲ್ಲಿ ಕೂಡಿಟ್ಟ ಡಿವೈಸ್ ಅಂಕಿಅಂಶಗಳು ಆಗ ಲಾಗ್‌ರೆಕ್‌ಗೆ ಬರುತ್ತವೆ. ಕೊಡದೆ ನಿಲ್ಲಿಸಿದರೆ ಅವು ಹೋದವು ಅಂತಲೇ.

ವಿದ್ಯಾರ್ಥಿಯೊಬ್ಬರ ಪ್ರಶ್ನೆ

ಮೇನ್‌ಫ್ರೇಮಿನ ಸಿಪಿಯು ಕೆಡುವುದೇ ಇಲ್ಲ ಅಂತ ಕೇಳಿದ್ದೇನೆ. ನಿಜವಾ?

ಉತ್ತರ

ಕೆಡುತ್ತದೆ, ಆದರೆ ನಿಮಗೆ ಗೊತ್ತಾಗುವುದು ಕಡಿಮೆ. 1964ರಲ್ಲಿ ಐಬಿಎಂ ಸಿಸ್ಟಮ್/360 ಘೋಷಿಸಿತು, ಇವತ್ತಿನ ಜೆಡ್ ಯಂತ್ರಗಳು ಅದೇ ವಂಶದವು. ಕೆಟ್ಟರೂ ಕೆಲಸ ನಿಲ್ಲಬಾರದು ಅನ್ನುವ ದಿಕ್ಕಿನಲ್ಲೇ ಈ ವಂಶ ಬೆಳೆದು ಬಂದಿದೆ. ಈಗಿನ ಯಂತ್ರದಲ್ಲಿ ಕೋರ್ ತಪ್ಪು ಮಾಡಿದರೆ ಹಾರ್ಡ್‌ವೇರೇ ಇನ್‌ಸ್ಟ್ರಕ್ಷನನ್ನು ಮತ್ತೆ ಓಡಿಸುತ್ತದೆ. ಆಗಲೂ ಆಗದಿದ್ದರೆ ಆ ಕೆಲಸ ಬಿಡಿ ಕೋರಿಗೆ ಹೋಗುತ್ತದೆ. 2010ರ ಜೆಡ್196ರಿಂದ ಮೆಮೊರಿಗೆ ರೈಮ್ ರಕ್ಷಣೆ ಬಂತು, ಡಿಸ್ಕಿಗೆ ರೇಡ್ ಇದ್ದ ಹಾಗೆ, ಒಂದು ಭಾಗ ಕೆಟ್ಟರೂ ಮಾಹಿತಿ ಉಳಿಯುತ್ತದೆ. ಇಂಥ ಘಟನೆಗಳು ಸಪೋರ್ಟ್ ಎಲಿಮೆಂಟಿನ (ಯಂತ್ರದೊಳಗಿನ ನಿರ್ವಹಣಾ ಕಂಪ್ಯೂಟರ್) ಲಾಗಿನಲ್ಲಿ ದಾಖಲಾಗುತ್ತವೆ. ಯಂತ್ರ ನಿರ್ವಹಣೆಯ ಕನ್ಸೋಲಾದ ಎಚ್‌ಎಂಸಿಯಲ್ಲಿ ಹಾರ್ಡ್‌ವೇರ್ ಮೆಸೇಜ್ ಕಾಣುತ್ತದೆ, ವ್ಯವಸ್ಥೆ ಮಾಡಿದ್ದರೆ ಯಂತ್ರ ತಾನೇ ತಯಾರಕರಿಗೆ ಸುದ್ದಿ ಕಳಿಸುತ್ತದೆ. ಆಪರೇಟಿಂಗ್ ಸಿಸ್ಟಮ್ಮಿಗೆ ತಿಳಿಸಬೇಕಾದಷ್ಟು ದೊಡ್ಡದಾದರೆ ಲಾಗ್‌ರೆಕ್‌ನಲ್ಲಿ ಎಂಸಿಎಚ್ (ಮೆಷಿನ್ ಚೆಕ್) ರೆಕಾರ್ಡ್ ಬೀಳುತ್ತದೆ. ಇರೆಪ್‌ನಲ್ಲಿ ಟೈಪ್=ಎಂ ಹಾಕಿದರೆ ಸಿಗುತ್ತದೆ.

ಮೊದಲು ಕೇಳಿದವರು

ಮೇಡಂ, 4ಎ ಆಫ್‌ಲೈನ್ ಮಾಡಿಸಿದ್ದೇವೆ, ಐಒಎಸ್050ಐ ನಿಂತಿದೆ. ಮ್ಯಾನೇಜರ್ ಮಾತ್ರ ಒಮ್ಮೆ ಐಪಿಎಲ್ (ಸಿಸ್ಟಮ್ ರೀಸ್ಟಾರ್ಟ್) ಮಾಡಿಬಿಡಿ, 0ಸಿ4 ಸರಿಹೋಗಬಹುದು ಅನ್ನುತ್ತಾರೆ.

ಉತ್ತರ

ಹೋಗುವುದಿಲ್ಲ. ಒಂದು ಬ್ಯಾಚ್ ಪ್ರೋಗ್ರಾಮಿನ ಓವರ್‌ಲೇಗೆ ಇಡೀ ಸಿಸ್ಟಮ್ ಐಪಿಎಲ್ ಮಾಡುವುದು ಸುಮ್ನೆ ಗ್ರಾಹಕರಿಗೆ ತೊಂದರೆ. ಅದೇ ಇನ್‌ಪುಟ್ ಬಂದ ದಿನ ಮತ್ತೆ ಅದೇ ಆಫ್‌ಸೆಟ್‌ನಲ್ಲಿ ಬೀಳುತ್ತದೆ. ಮ್ಯಾನೇಜರಿಗೆ ಎರಡು ದಿನದ ರೆಕಾರ್ಡುಗಳನ್ನು ಪಕ್ಕಪಕ್ಕ ತೋರಿಸಿ. ಪ್ರೋಗ್ರಾಂ ಬರೆದವರಿಗೆ ಟಿಕೆಟ್ ಹಾಕುವಾಗ ಇಷ್ಟು ಕಳಿಸಿ: ಟೈಪ್=ಎಸ್ ರಿಪೋರ್ಟ್, ಡಂಪ್, ಎರಡೂ ದಿನದ ಇನ್‌ಪುಟ್ ಫೈಲ್, ಆ ಸಮಯದ ಹಿಂದಿನ ಒಂದು ಗಂಟೆಯ ಸಿಸ್‌ಲಾಗ್. ಡಂಪಿನಲ್ಲಿ ಗ್ರಾಹಕರ ಖಾತೆ ವಿವರಗಳು ಇರಬಹುದು, ಆದ್ದರಿಂದ ಇಮೇಲಿನಲ್ಲಿ ಹಾಕಬೇಡಿ. ಕಂಪನಿಯ ಸುರಕ್ಷಿತ ದಾರಿಯಲ್ಲೇ ಕಳಿಸಿ. ಓವರ್‌ಲೇ ಆದ ಉದ್ದ ಎಷ್ಟು ಬೈಟ್ ಅಂತ ಸಿಕ್ಕ ಮೇಲೆ ಇಲ್ಲಿ ಹಾಕಿ, ಸೋರ್ಸಿನ ಆ ಭಾಗವನ್ನು ಒಟ್ಟಿಗೆ ನೋಡೋಣ.